ಟರ್ಕಿ ಬೇಡ ಅಂದಮೇಲೆ ಓವನ್‌ಗೆ ಏನು?

ಕ್ರಿಸ್ಮಸ್ ಊಟಕ್ಕೆಂದು ಬ್ರಿಟನ್ನಿನವರು ಓವನ್‌ನಲ್ಲಿ ಇಡಿಯಾಗಿ ರೋಸ್ಟ್ ಮಾಡುವ ಟರ್ಕಿ ಕೋಳಿ ಅಲ್ಲಿರುವ ನಮ್ಮವರ ಮನೆಗಳಿಗೆ ಹೊಂದುವುದಿಲ್ಲ, ಅದಕ್ಕೆ ಕಾರಣ ರುಚಿಗಿಂತ ಗಾತ್ರ. ಸೂಪರ್‌ಮಾರ್ಕೆಟ್‌ನ ಸಣ್ಣ ಟರ್ಕಿಯೇ ಮೂರ್ನಾಲ್ಕು ಕಿಲೋ ತೂಗುತ್ತದೆ. ಮನೆಯಲ್ಲಿ ನಾಲ್ಕು ಜನ, ಅದರಲ್ಲಿ ಒಬ್ಬರೋ ಇಬ್ಬರೋ ಸಸ್ಯಾಹಾರಿಗಳು. ಉಳಿದದ್ದನ್ನು ಹೊಸ ವರ್ಷದವರೆಗೆ ಸ್ಯಾಂಡ್‌ವಿಚ್ ಮಾಡಿ ಮುಗಿಸಬೇಕು. ಅದರ ಎದೆಯ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ತೊಡೆ ಬೇಯುವಷ್ಟರಲ್ಲಿ ಎದೆ ಒಣಗಿ ನಾರಾಗಿರುತ್ತದೆ. ಗ್ರೇವಿಯಲ್ಲಿ ಬೆಂದ ಮಾಂಸ ತಿಂದು ಬೆಳೆದ ನಾಲಿಗೆಗೆ ಇದು ಇನ್ನಷ್ಟು ಒಣ ಅನ್ನಿಸುತ್ತದೆ.

ಆದರೆ ಮಕ್ಕಳಿಗೆ ಕ್ರಿಸ್ಮಸ್ ಊಟ ಬೇಕು. ಡಿಸೆಂಬರ್‌ನಲ್ಲಿ ಶಾಲೆಯಲ್ಲಿ ಕಾಗದದ ಕಿರೀಟ ಹಾಕಿಕೊಂಡು, ಕ್ರ್ಯಾಕರ್ (ಇಬ್ಬರು ಎರಡು ತುದಿ ಹಿಡಿದೆಳೆದರೆ ಪಟ್ಟೆಂದು ಬಿಚ್ಚುವ ಕಾಗದದ ಸುರುಳಿ) ಎಳೆದು ಉಂಡು ಬಂದಿರುತ್ತಾರೆ. ಅವರಿಗೆ ಬೇಕಿರುವುದು ಟರ್ಕಿಯೇ ಅಲ್ಲ. ಮೇಜಿನ ಮೇಲೆ ಇಡಿಯಾಗಿ ಬಂದು ಎಲ್ಲರೆದುರು ಕತ್ತರಿಸುವಂಥ ಏನಾದರೂ ಇರಬೇಕು, ಪಕ್ಕದಲ್ಲಿ ಹುರಿದ ಆಲೂಗಡ್ಡೆ ಮತ್ತು ಗ್ರೇವಿ ಇರಬೇಕು, ಕ್ರ್ಯಾಕರ್ ಇರಬೇಕು. ಹಾಗಾಗಿ ಬರೀ ಬಿರಿಯಾನಿ ಮಾಡಿದರೆ ಹೊಟ್ಟೆ ತುಂಬುತ್ತದೆ, ಮಗುವಿನ ಆಸೆ ಪೂರೈಸುವುದಿಲ್ಲ.

ಮೊದಲು ಕ್ಯಾಲೆಂಡರ್ ನೋಡಿ. 2026ರ ಕ್ರಿಸ್ಮಸ್ ಶುಕ್ರವಾರ, 2027ರದ್ದು ಶನಿವಾರ, 2028ರದ್ದು ಸೋಮವಾರ. ಶನಿವಾರ, ಸೋಮವಾರ ಮಾಂಸ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಜೊತೆಗೆ ಅದು ಧನುರ್ಮಾಸ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಬೆಳಗ್ಗೆ ಹುಗ್ಗಿ ಆಗಲೇಬೇಕು. ಅಂಥ ಮನೆಯಲ್ಲಿ ರೋಸ್ಟನ್ನು 26ನೇ ತಾರೀಖಿಗೋ 27ಕ್ಕೋ ತಳ್ಳುವುದರಲ್ಲಿ ತಪ್ಪೇನಿಲ್ಲ. ಮಕ್ಕಳಿಗೆ ಮೊದಲೇ ಹೇಳಿಡಿ, ಅಷ್ಟೆ.

ಮಾಂಸ ತಿನ್ನುವ ಮನೆಗೆ ನನ್ನ ಮೊದಲ ಆಯ್ಕೆ, ತಲಾ 1.6 ಕಿಲೋದ ಎರಡು ಕೋಳಿ. ಒಂದು ದೊಡ್ಡ ಹಕ್ಕಿಗೆ ಎರಡೇ ಕಾಲು. ಎರಡು ಕೋಳಿಗೆ ನಾಲ್ಕು. ಮಕ್ಕಳಿರುವ ಮನೆಯಲ್ಲಿ ಅರ್ಧ ಜಗಳ ಇಲ್ಲೇ ಮುಗಿಯುತ್ತದೆ. ಬೇಯುವ ಹೊತ್ತೂ ಕಡಿಮೆ, ಹಕ್ಕಿ ಚಿಕ್ಕದಾದ್ದರಿಂದ ಎದೆ ಒಣಗುವುದೂ ಕಡಿಮೆ. ಬೇಕಿದ್ದರೆ ಒಂದಕ್ಕೆ ಬೆಣ್ಣೆ, ಥೈಮ್, ನಿಂಬೆ ಹಾಕಿ. ಇನ್ನೊಂದಕ್ಕೆ ಕಾಳುಮೆಣಸು, ಶುಂಠಿ ಬೆಳ್ಳುಳ್ಳಿ, ಕೊತ್ತಂಬರಿ ಪುಡಿ.

ಹಿಂದಿನ ಸಂಜೆಯೇ ಉಪ್ಪು ಸವರಬೇಕು. ಕಿಲೋಗೆ 10 ಗ್ರಾಂ, ಅಂದರೆ ಒಂದು ಕೋಳಿಗೆ ಸುಮಾರು ಮೂರು ಚಿಕ್ಕ ಚಮಚ. ಒಳಗೂ ಹೊರಗೂ ಸವರಿ, ಮುಚ್ಚದೆ ಫ್ರಿಜ್‌ನ ಕೆಳತಟ್ಟೆಯಲ್ಲಿಡಿ. ಉಪ್ಪು ಒಳಗಿಳಿಯುತ್ತದೆ, ಚರ್ಮ ಒಣಗಿ ಮರುದಿನ ಗರಿಗರಿಯಾಗುತ್ತದೆ. ಲೇಬಲ್‌ನಲ್ಲಿ ಮೊದಲೇ ಉಪ್ಪುನೀರು ಸೇರಿದೆ ಎಂದಿದ್ದರೆ ಈ ಹಂತ ಬಿಡಿ, ಇಲ್ಲದಿದ್ದರೆ ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ. ಚರ್ಮ ಸುಲಿಸಿಕೊಂಡು ಬರಬೇಡಿ. ಸಾರಿಗೆ ಸರಿ, ರೋಸ್ಟ್‌ಗೆ ಚರ್ಮವೇ ಮುಚ್ಚಳ. ಹೊಟ್ಟೆಯೊಳಗೆ ಪಿತ್ತಜನಕಾಂಗ, ಕುತ್ತಿಗೆ ತುಂಬಿದ ಪ್ಲಾಸ್ಟಿಕ್ ಚೀಲವಿದೆಯೇ ಎಂದು ಕೈಹಾಕಿ ನೋಡಿ.

ಅರಿಶಿನ ಹಾಕಿ ಮೂರು ನೀರಿನಲ್ಲಿ ತೊಳೆಯುವುದು ನಮ್ಮ ರೂಢಿ. ಇಲ್ಲಿನ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ ಹಸಿ ಕೋಳಿಯನ್ನು ತೊಳೆಯಲೇಬೇಡಿ ಅನ್ನುತ್ತದೆ, ಯಾಕೆಂದರೆ ಸಿಡಿಯುವ ಹನಿಗಳ ಜೊತೆ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಂಕು, ಕಟ್ಟೆ, ಪಕ್ಕದಲ್ಲಿಟ್ಟ ಸಲಾಡ್‌ವರೆಗೂ ಹರಡುತ್ತದೆ. ಅಂಗಡಿಯಲ್ಲಿ ಬರುವುದು ಶುಚಿ ಮಾಡಿದ ಕೋಳಿಯೇ. ಕಾಗದದಿಂದ ಒತ್ತಿ ಒರೆಸಿದರೆ ಸಾಕು. ಫ್ರೀಜರ್‌ನದ್ದಾದರೆ ಫ್ರಿಜ್‌ನಲ್ಲಿ ಕರಗಲು ಕಿಲೋಗೆ 10ರಿಂದ 12 ಗಂಟೆ ಲೆಕ್ಕ ಹಿಡಿಯಿರಿ. ಉಪ್ಪು ಸವರುವುದು 24ರ ಸಂಜೆ ಆದ್ದರಿಂದ 23ರಂದೇ ಹೊರತೆಗೆಯಬೇಕು.

ಇನ್ನು ಉಷ್ಣತೆ. ಇಲ್ಲಿ ಹೇಳುವುದೆಲ್ಲ ಫ್ಯಾನ್ ಓವನ್‌ಗೆ. ಫ್ಯಾನ್ ಇಲ್ಲದಿದ್ದರೆ 20 ಡಿಗ್ರಿ ಹೆಚ್ಚಿಸಿ. ಕೋಳಿಗೆ 170 ಡಿಗ್ರಿ, ಕಿಲೋಗೆ 45 ನಿಮಿಷ, ಮೇಲೆ 20 ನಿಮಿಷ. 1.6 ಕಿಲೋಗೆ ಸುಮಾರು ಒಂದೂವರೆ ಗಂಟೆ, ಎರಡು ಒಟ್ಟಿಗೆ ಇಟ್ಟರೆ ಇನ್ನೊಂದು ಹತ್ತು ಹದಿನೈದು ನಿಮಿಷ. ಎರಡರ ನಡುವೆ ನಾಲ್ಕು ಬೆರಳಷ್ಟು ಜಾಗವಿರಲಿ. ಅಂಟಿಸಿಟ್ಟರೆ ಆ ಬದಿಯ ತೊಡೆ ಹಸಿಯಾಗಿ ಉಳಿಯುತ್ತದೆ. ಗಡಿಯಾರಕ್ಕಿಂತ ಥರ್ಮಾಮೀಟರ್ ನಂಬಿ. ತೊಡೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿದಾಗ 75 ಡಿಗ್ರಿ ತೋರಿಸಬೇಕು. ಮಸಾಲೆಯನ್ನು ಚರ್ಮದ ಮೇಲೆ ಮೊಸರಲ್ಲಿ ಕಲಸಿ ಮೆತ್ತಿದರೆ ಒಳಗೆ ಬೇಯುವ ಮೊದಲೇ ಕಪ್ಪಾಗುತ್ತದೆ. ಬೆರಳು ತೂರಿಸಿ ಎದೆಯ ಚರ್ಮ ಸಡಿಲಿಸಿ, ಅದರ ಕೆಳಗೆ ಮಸಾಲೆ ತುಂಬಿ, ಹೊರಗೆ ಬರೀ ಎಣ್ಣೆ ಸವರಿ.

ಕುರಿಯಾದರೆ ಭುಜದ ತುಂಡು ತೆಗೆದುಕೊಳ್ಳಿ, ಕಾಲು ಬೇಡ. ಇಲ್ಲಿಯವರು ಕಾಲನ್ನು ನಡುವೆ ಗುಲಾಬಿ ಬಣ್ಣವಿರುವಂತೆ ಬೇಯಿಸುತ್ತಾರೆ. ನಮ್ಮವರಲ್ಲಿ ಹೆಚ್ಚಿನವರು ಅದನ್ನು ಹಸಿ ಅಂದುಕೊಂಡು ಮತ್ತೆ ಓವನ್‌ಗೆ ನೂಕುತ್ತಾರೆ. ಕೊಬ್ಬು ಕಡಿಮೆಯಿರುವ ಕಾಲು ಒಣಗಿ ಹೋಗುತ್ತದೆ. ಭುಜದಲ್ಲಿ ಕೊಬ್ಬೂ ನಾರೂ ಹೆಚ್ಚು, ನಿಧಾನಕ್ಕೆ ಬೆಂದರೆ ಆ ನಾರೇ ಕರಗಿ ಮಾಂಸ ಚಮಚಕ್ಕೆ ಬಿಟ್ಟುಕೊಳ್ಳುತ್ತದೆ. ಮೂಳೆಸಮೇತ 2 ಕಿಲೋ ಐದಾರು ಜನಕ್ಕೆ ಸಾಕು. ಶುಂಠಿ, ಬೆಳ್ಳುಳ್ಳಿ, ಮೆಣಸು, ಮೊಸರು ಹಚ್ಚಿ, ತಟ್ಟೆಗೆ ಒಂದು ಲೋಟ ನೀರು ಹಾಕಿ, ಫಾಯಿಲ್ ಬಿಗಿಯಾಗಿ ಮುಚ್ಚಿ 140 ಡಿಗ್ರಿಯಲ್ಲಿ ನಾಲ್ಕು ಗಂಟೆ, ಆಮೇಲೆ ತೆರೆದು 200ರಲ್ಲಿ ಅರ್ಧ ಗಂಟೆ. ಇದು ಓವನ್ನನ್ನು ಬಹಳ ಹೊತ್ತು ಹಿಡಿದಿಡುತ್ತದೆ, ಹಾಗಾಗಿ ಮೊದಲ ನಾಲ್ಕು ಗಂಟೆಯ ಕೆಲಸ 24ಕ್ಕೇ ಮುಗಿಸಿ, ಬೇಗ ಆರಿಸಿ ಫ್ರಿಜ್‌ಗೆ ಸೇರಿಸಿ. ಮರುದಿನ ಒಳಗಿನವರೆಗೆ ಚೆನ್ನಾಗಿ ಬಿಸಿ ಮಾಡಿ ಕೊನೆಗೆ ಫಾಯಿಲ್ ತೆಗೆದರಾಯಿತು.

ಟರ್ಕಿ ಬರುವ ಮೊದಲು ಇಂಗ್ಲಿಷರ ಹಬ್ಬದ ಹಕ್ಕಿಗಳಲ್ಲಿ ಮುಖ್ಯವಾದದ್ದು ಹೆಬ್ಬಾತು. ರುಚಿ ಗಾಢ, ಬೆಲೆ ಬಲು ಜೋರು, ಮೂಳೆ ಕೊಬ್ಬು ಕಳೆದರೆ ಮಾಂಸ ಸ್ವಲ್ಪವೇ. ಬಾತುಕೋಳಿಯೂ ಹಾಗೆಯೇ, 2 ಕಿಲೋದ್ದು ಮೂರು ಜನಕ್ಕೆ ಸಾಕಾದರೆ ಹೆಚ್ಚು. ಇಬ್ಬರೇ ಇರುವ ಮನೆಗೆ ಸರಿ.

ಮಂಗಳೂರಿನ ಕ್ರೈಸ್ತ ಕುಟುಂಬಗಳಿಗೆ ಈ ತಲೆಬಿಸಿ ಇಲ್ಲವೇ ಇಲ್ಲ. ಹಂದಿ ಮಾಂಸದ ಮಸಾಲೆ ಅಡುಗೆ ಬಫಾತ್, ಜೊತೆಗೆ ಇಡ್ಲಿಯಂಥ ಸಣ್ಣಾ, ಕೊನೆಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ ಇದ್ದರೆ ಅವರ ಹಬ್ಬ ಪೂರ್ತಿ. ಅಡುಗೆಯ ಲೆಕ್ಕದಲ್ಲೂ ಇದು ಜಾಣತನ. ಬಫಾತ್ ಒಲೆಯ ಮೇಲೆ ಆಗುತ್ತದೆ, ಹಿಂದಿನ ದಿನ ಮಾಡಿಟ್ಟರೆ ರುಚಿ ಇನ್ನೂ ಹೆಚ್ಚು, ಓವನ್ ಪೂರ್ತಿ ಖಾಲಿ. ಕೊಡಗಿನ ಪಂದಿ ಕರಿಗೂ ಇದೇ ಮಾತು. ಅದಕ್ಕೆ ಹಾಕುವ ಕಾಚಂಪುಳಿ ಎಂಬ ಕಪ್ಪು ಹುಳಿಯನ್ನು ಮಾತ್ರ ಕೊನೆಗೇ ಹಾಕಬೇಕು.

ಈಗ ಸಸ್ಯಾಹಾರಿಗಳ ವಿಷಯ. ಎಲ್ಲರಿಗೂ ರೋಸ್ಟ್ ಬಡಿಸಿ ಇವರಿಗೆ ಪಕ್ಕದ ತರಕಾರಿಯನ್ನೇ ಎರಡು ಪಾಲು ಹಾಕುವುದು ಬಲು ಕೆಟ್ಟ ರೂಢಿ. ಅವರಿಗೂ ಕತ್ತರಿಸಿ ಬಡಿಸುವಂಥದ್ದು ಬೇಕು. ಆರು ಜನಕ್ಕೆ ಅಣಬೆಯ ವೆಲ್ಲಿಂಗ್ಟನ್, ಅಂದರೆ ಹೂರಣವನ್ನು ಪೇಸ್ಟ್ರಿಯಲ್ಲಿ ಸುತ್ತಿ ಬೇಯಿಸಿದ ಉರುಳೆ, ಮಾಡಲು 320 ಗ್ರಾಂನ ಒಂದು ಲಟ್ಟಿಸಿದ ಪಫ್ ಪೇಸ್ಟ್ರಿ (ಬೇಕರಿ ಪಫ್‌ನ ಪದರ ಹಿಟ್ಟು), ಅರ್ಧ ಕಿಲೋ ಅಣಬೆ, 180 ಗ್ರಾಂನ ಒಂದು ಪೊಟ್ಟಣ ಬೇಯಿಸಿದ ಚೆಸ್ಟ್‌ನಟ್, ಒಂದು ಈರುಳ್ಳಿ, 50 ಗ್ರಾಂ ಬ್ರೆಡ್ ಪುಡಿ, ಮೆಣಸು, ಥೈಮ್ ಬೇಕು. ಮಕ್ಕಳಿಗಾಗಿ 200 ಗ್ರಾಂ ಪನೀರ್ ಪುಡಿ ಮಾಡಿ ಸೇರಿಸಬಹುದು. ಅಂಗಡಿಯಲ್ಲಿ ಚೆಸ್ಟ್‌ನಟ್ ಮಶ್ರೂಮ್ ಎಂದು ಒಂದು ಅಣಬೆಯೂ ಇದೆ; ಚೆಸ್ಟ್‌ನಟ್ ಕಾಯಿ ಬೇರೆ, ಅದು ಬೇರೆ.

ಇದು ಕೆಡುವುದು ಯಾವಾಗಲೂ ನೀರಿನಿಂದ. ಅಣಬೆಯನ್ನು ಸಣ್ಣಗೆ ಹೆಚ್ಚಿ ಅಗಲ ಬಾಣಲೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಹುರಿಯಿರಿ. ಮೊದಲು ನೀರು ಬಿಡುತ್ತದೆ, ಆಮೇಲೆ ನೀರು ಇಂಗಿ ಬಾಣಲೆಯಲ್ಲಿ ಚುರುಗುಟ್ಟುವ ಸದ್ದು ಬದಲಾಗುತ್ತದೆ. ಸೌಟಿನಿಂದ ಬದಿಗೆ ತಳ್ಳಿದರೆ ತಳದಲ್ಲಿ ಹನಿ ಕಾಣಬಾರದು. ಪೂರ್ತಿ ತಣ್ಣಗಾದ ಮೇಲೆಯೇ ಪೇಸ್ಟ್ರಿಯ ಮೇಲೆ ಇಡಿ. ಬಿಸಿ ಹೂರಣ ಹಾಕಿದರೆ ಪೇಸ್ಟ್ರಿಯೊಳಗಿನ ಬೆಣ್ಣೆಯೋ ಎಣ್ಣೆಯೋ ಕರಗಿ ಪದರ ಏಳುವುದಿಲ್ಲ. ಸುತ್ತಿದ್ದನ್ನು 24ರ ರಾತ್ರಿಯೇ ಫ್ರಿಜ್‌ನಲ್ಲಿಡಬಹುದು. ಬೇಯಿಸುವಾಗ ಖಾಲಿ ಟ್ರೇಯನ್ನು ಮೊದಲೇ ಓವನ್‌ನಲ್ಲಿ ಕಾಯಿಸಿ, ಅದರ ಮೇಲೆ ಕಾಗದಸಮೇತ ಜಾರಿಸಿದರೆ ತಳವೂ ಗರಿಯಾಗುತ್ತದೆ. 190ರಲ್ಲಿ 40 ನಿಮಿಷ. ಮೇಲೆ ಮೊಟ್ಟೆಯ ಬದಲು ಹಾಲು ಸವರಿದರೂ ಬಣ್ಣ ಬರುತ್ತದೆ. ಉಗಿ ಹೋಗಲು ಮೂರು ಗೀರು ಹಾಕುವುದನ್ನು ಮರೆತರೆ ಬದಿಯಲ್ಲಿ ಒಡೆಯುತ್ತದೆ.

ನಟ್ ರೋಸ್ಟ್, ಅಂದರೆ ಗೋಡಂಬಿಯಂಥ ಬೀಜಗಳನ್ನು ಪುಡಿ ಮಾಡಿ ಅಚ್ಚಿನಲ್ಲಿ ಬೇಯಿಸಿದ್ದು, ಮೊಟ್ಟೆಯಿಲ್ಲದೆ ಮಾಡಿದರೆ ಕತ್ತರಿಸುವಾಗ ಉದುರಿಹೋಗುತ್ತದೆ. ಒಂದು ಮೊಟ್ಟೆಗೆ ಬದಲಾಗಿ ಒಂದು ದೊಡ್ಡ ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಿ, ತಟ್ಟೆಗೆ ತೆಗೆಯುವ ಮೊದಲು ಕಾಲು ಗಂಟೆ ಆರಲು ಬಿಡಿ. ಅತಿಥಿ ಮಕ್ಕಳಿಗೆ ನಟ್ ಅಲರ್ಜಿ ಇದೆಯೇ ಎಂದು ಕೇಳದೆ ಇದನ್ನಾಗಲಿ ಚೆಸ್ಟ್‌ನಟ್ಟನ್ನಾಗಲಿ ಮಾಡಬೇಡಿ.

ಸಸ್ಯಾಹಾರಿಗಳು ಎಡವುವುದು ಮುಖ್ಯ ಅಡುಗೆಯಲ್ಲಲ್ಲ, ಪಕ್ಕದವುಗಳಲ್ಲಿ. ತಯಾರಾಗಿ ಸಿಗುವ ರೋಸ್ಟ್ ಆಲೂಗಡ್ಡೆಗೆ ಹೆಬ್ಬಾತಿನ ಕೊಬ್ಬೋ ದನದ ಕೊಬ್ಬೋ ಹಾಕಿರಬಹುದು. ಕ್ರಿಸ್ಮಸ್ ಪುಡಿಂಗ್ ಮತ್ತು ಮಿನ್ಸ್ ಪೈ ಎಂಬ ಒಣಹಣ್ಣಿನ ಕಡುಬಿನಲ್ಲಿ ಬರುವ ಸ್ಯೂಯೆಟ್ ಮೂಲತಃ ದನದ ಕೊಬ್ಬು. ಈಗ ಸಸ್ಯಜನ್ಯ ಸ್ಯೂಯೆಟ್ ಬಳಸಿದ್ದೂ ಧಾರಾಳ ಸಿಗುತ್ತದೆ, ಲೇಬಲ್ ಓದಬೇಕು. ಅಣಬೆಯ ಗ್ರೇವಿಗೆ ವೂಸ್ಟರ್ ಸಾಸ್ ಹಾಕುವ ಅಭ್ಯಾಸ ಇಲ್ಲಿದೆ, ಅದರಲ್ಲಿ ಸಾಮಾನ್ಯವಾಗಿ ಆಂಕೊವಿ ಮೀನಿರುತ್ತದೆ. ಟ್ರೈಫಲ್ ಎಂಬ ಸಿಹಿಯ ಜೆಲ್ಲಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ಪೊಟ್ಟಣದ ಮೇಲೆ ಸಸ್ಯಾಹಾರಿ ಗುರುತಿದ್ದರೂ ಮೊಟ್ಟೆ ಇರಬಹುದು, ಇಲ್ಲಿನ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರವೇ. ಮೊಟ್ಟೆ ಬೇಡದವರು ದಪ್ಪ ಅಕ್ಷರದಲ್ಲಿರುವ ಅಲರ್ಜಿ ಪದಾರ್ಥಗಳನ್ನು ನೋಡಿಕೊಳ್ಳಬೇಕು.

ಆಲೂಗಡ್ಡೆ ಮನೆಯಲ್ಲೇ, ಸೂರ್ಯಕಾಂತಿ ಎಣ್ಣೆಯಲ್ಲಿ ಮಾಡಿ, ಎಲ್ಲರಿಗೂ ಒಂದೇ ತಟ್ಟೆ ಸಾಕು. ಆರು ಜನಕ್ಕೆ ಮ್ಯಾರಿಸ್ ಪೈಪರ್ ತಳಿಯ ಆಲೂಗಡ್ಡೆ ಒಂದೂವರೆ ಕಿಲೋ. ಉಪ್ಪುನೀರಿನಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ, ಬಸಿದು, ಪಾತ್ರೆ ಕುಲುಕಿ ಅಂಚು ಒರಟಾಗಿಸಿ, ಆವಿ ಹೋಗಲು ಐದು ನಿಮಿಷ ಬಿಡಿ. ಓವನ್‌ನಲ್ಲೇ ಕಾದ ಎಣ್ಣೆಗೆ ಹಾಕಿ ಒಂದು ಗಂಟೆ. ತಟ್ಟೆಯಲ್ಲಿ ಕಿಕ್ಕಿರಿದರೆ ಹುರಿಯುವುದಿಲ್ಲ, ಬೇಯುತ್ತದೆ. ಬ್ರಸೆಲ್ಸ್ ಸ್ಪ್ರೌಟ್ಸನ್ನು ಇಡಿಯಾಗಿ ಕುದಿಸಿದರೆ ಗಂಧಕದ ವಾಸನೆ; ಮಕ್ಕಳು ತಳ್ಳುವುದು ಅದಕ್ಕೇ. ಎಲೆಕೋಸಿನಂತೆ ತೆಳ್ಳಗೆ ಹೆಚ್ಚಿ, ಸಾಸಿವೆ, ಉದ್ದಿನಬೇಳೆ, ಒಣಮೆಣಸಿನ ಒಗ್ಗರಣೆಯಲ್ಲಿ ನಾಲ್ಕೈದು ನಿಮಿಷ ಬಾಡಿಸಿ ಕಾಯಿತುರಿ ಹಾಕಿದರೆ ಒಳ್ಳೆಯ ಪಲ್ಯ. ಕ್ರಾನ್‌ಬೆರಿ ಸಾಸ್ ಅನ್ನು ಗೊಜ್ಜು ಎಂದುಕೊಂಡರೆ ಹಿರಿಯರೂ ಮುಟ್ಟುತ್ತಾರೆ.

ಎರಡು ಗಂಟೆಗೆ ಊಟವೆಂದರೆ ಒಂದೇ ಓವನ್ ಹೀಗೆ ನಡೆಯುತ್ತದೆ. 11:25ಕ್ಕೆ ಕೋಳಿ ಕೆಳಗಿನ ಹಲಗೆಗೆ. 12:50ಕ್ಕೆ ಆಲೂಗಡ್ಡೆ ಮೇಲಿನ ಹಲಗೆಗೆ. ಮಾಂಸ ಯಾವಾಗಲೂ ಕೆಳಗೇ, ರಸ ತೊಟ್ಟಿಕ್ಕಿದರೂ ಸಸ್ಯಾಹಾರದ ಮೇಲೆ ಬೀಳಬಾರದು. 1:10ಕ್ಕೆ ಕೋಳಿ ಹೊರಗೆ, ಫಾಯಿಲ್ ಸಡಿಲವಾಗಿ ಮುಚ್ಚಿ ಮೇಲೊಂದು ಟವೆಲ್. ಉಷ್ಣತೆ 190ಕ್ಕೆ, ವೆಲ್ಲಿಂಗ್ಟನ್ ಒಳಗೆ. ಕೋಳಿ ತಣಿಯುವ ಹೊತ್ತಿಗೆ ರಸ ಮಾಂಸದಲ್ಲೇ ನಿಲ್ಲುತ್ತದೆ, ಹೊರತೆಗೆದ ಕೂಡಲೇ ಕತ್ತರಿಸಿದರೆ ಹಲಗೆಯ ಮೇಲೆ ಹರಿದುಹೋಗುತ್ತದೆ. 1:50ಕ್ಕೆ ಎಲ್ಲವೂ ಹೊರಗೆ. ಮಡಿ ನೋಡುವ ಹಿರಿಯರಿದ್ದರೆ ಸಸ್ಯಾಹಾರವನ್ನು ಬೆಳಗ್ಗೆಯೇ ಮೊದಲು ಬೇಯಿಸಿ, ಬಡಿಸುವ ಮುನ್ನ ಏರ್‌ಫ್ರೈಯರ್‌ನಲ್ಲಿ ಬಿಸಿ ಮಾಡಬಹುದು.

ಸಾಮಾನು 24ರ ಮಧ್ಯಾಹ್ನದೊಳಗೆ ಮನೆಗೆ ಬಂದಿರಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು ಕ್ರಿಸ್ಮಸ್ ದಿನ ತೆರೆಯುವಂತಿಲ್ಲ, 2004ರ ಕಾನೂನೇ ಇದೆ. ಮೂಲೆಯ ಪುಟ್ಟ ಅಂಗಡಿಯಲ್ಲಿ ಹಾಲು, ಬ್ರೆಡ್ ಸಿಕ್ಕೀತು, ಪಫ್ ಪೇಸ್ಟ್ರಿ ಸಿಗುವುದು ಅದೃಷ್ಟ.

ಉಳಿದ ಕೋಳಿಯನ್ನು ಒಂದೆರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಎರಡು ಕೋಳಿಯ ಮೂಳೆಗಳನ್ನು ಎರಡು ಲೀಟರ್ ನೀರಿನಲ್ಲಿ ಒಂದೂವರೆ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಶೋಧಿಸಿ, ಜಜ್ಜಿದ ಮೆಣಸು ಜೀರಿಗೆ ಬೆಳ್ಳುಳ್ಳಿ ಹಾಕಿದರೆ 26ರ ರಾತ್ರಿಗೆ ಮೆಣಸಿನ ಸಾರು ಸಿದ್ಧ. ಅದಕ್ಕೆ ಅನ್ನ ಆಗಲೇ ಹೊಸದಾಗಿ ಮಾಡಿ. ಉಳಿದ ಅನ್ನ ಫ್ರಿಜ್‌ನಲ್ಲೂ ಒಂದು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ.