ಪದಚರ್ಚೆ: ‘ಕಾಂಪ್ಯಾಕ್ಟ್’ ಪಿಸ್ತೂಲು, ‘ಕನ್ಸೀಲ್ಡ್ ಕ್ಯಾರಿ’ – ಕನ್ನಡದಲ್ಲಿ ಹೇಗೆ?

ನಮಸ್ಕಾರ. ಅಮೆರಿಕದಲ್ಲಿ ಮೊದಲ ಸಲ ಪಿಸ್ತೂಲು ಕೊಳ್ಳುವವರಿಗೆಂದು ಬರೆದ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ‘ಕನ್ಸೀಲ್ಡ್ ಕ್ಯಾರಿ’ಗೆ ‘ಗುಪ್ತ ಶಸ್ತ್ರಧಾರಣೆ’, ‘ಕಾಂಪ್ಯಾಕ್ಟ್’ಗೆ ‘ಅಡಕ’, ‘ಪ್ರಿಂಟಿಂಗ್’ಗೆ ‘ಮುದ್ರಣ’ ಎಂದಿದೆ. ಟ್ರಿಗರಿಗೆ ‘ಕುದುರೆ’ ಸರಿಯೇ? ‘ಮಿಸ್‌ಫೈರ್’ ಹಾಗೆಯೇ ಉಳಿಸಬಹುದೇ? ಬಲ್ಲವರು ತಿಳಿಸಬೇಕು.

ಉತ್ತರ:

‘ಗುಪ್ತ’ ಬೇಡ. ಆ ಮಾತು ಕೇಳಿದೊಡನೆ ಕಾನೂನಿನ ಕಣ್ಣು ತಪ್ಪಿಸಿದಂತೆ ತೋರುತ್ತದೆ. ಇಲ್ಲಿ ಹೇಳುತ್ತಿರುವುದು ಕಾನೂನು ಒಪ್ಪಿದ ಕ್ರಮ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರಿನಿಂದ 21 ವರ್ಷ ತುಂಬಿದ, ಬಂದೂಕು ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲದವರು ಪರವಾನಗಿ ಪಡೆಯದೆಯೂ ಪಿಸ್ತೂಲು ಒಯ್ಯಬಹುದು. ಬೇರೆ ಹಲವು ರಾಜ್ಯಗಳಲ್ಲಿ ಪರವಾನಗಿ ಬೇಕೇ ಬೇಕು. ‘ಬಟ್ಟೆಯ ಮರೆಯಲ್ಲಿ ಒಯ್ಯುವುದು’ ಎನ್ನಿ. ಅದರ ಎದುರಿಗೆ ‘ಕಾಣುವಂತೆ ಒಯ್ಯುವುದು’ ಚೆನ್ನಾಗಿ ನಿಲ್ಲುತ್ತದೆ.

‘ಅಡಕ’ ಒಳ್ಳೆಯ ಪದವೇ, ಆದರೆ ‘ಅಡಗು’ವಿನ ಪಕ್ಕದಲ್ಲಿ ಕೂತು ಗೊಂದಲ ಮಾಡುತ್ತದೆ. ಇನ್ನೂ ಮುಖ್ಯವಾಗಿ, ಪಿಸ್ತೂಲಿನವರಿಗೆ ಕಾಂಪ್ಯಾಕ್ಟ್ ಎಂದರೆ ಬರಿಯ ‘ಚಿಕ್ಕದು’ ಅಲ್ಲ, ಅದೊಂದು ಗಾತ್ರದ ವರ್ಗ. ಗ್ಲಾಕ್ ಕಂಪನಿಯ ಮೂರು ಮಾದರಿಗಳನ್ನೇ ನೋಡಿ. 17ನೆಯದು ಪೂರ್ಣಗಾತ್ರ: ನಳಿಗೆ 114 ಮಿ.ಮೀ., ಮ್ಯಾಗಜೀನಿನಲ್ಲಿ (ಹಿಡಿಯೊಳಗೆ ಕೂರುವ ತೋಟಾದ ಡಬ್ಬಿ) 17 ತೋಟಾ. 19ನೆಯದು ಕಾಂಪ್ಯಾಕ್ಟ್: 102 ಮಿ.ಮೀ., 15 ತೋಟಾ. 26ನೆಯದು ಸಬ್‌ಕಾಂಪ್ಯಾಕ್ಟ್: 87 ಮಿ.ಮೀ., 10 ತೋಟಾ. ‘ಪೂರ್ಣಗಾತ್ರ, ನಡುಗಾತ್ರ, ಕಿರುಗಾತ್ರ’ ಎಂದರೆ ಓದುಗನಿಗೆ ಮೂರರ ನಡುವಿನ ಸಂಬಂಧ ತಾನಾಗಿ ತಿಳಿಯುತ್ತದೆ.

ಕರಡಿನಲ್ಲಿ ‘ಗಿಡ್ಡ ನಳಿಗೆಯ ಪಿಸ್ತೂಲು’ ಎಂದು ವಿವರಿಸಿದ್ದರೆ ಅದನ್ನು ದಯವಿಟ್ಟು ತೆಗೆಯಿರಿ. ಕೊಳ್ಳುವವನ ದಾರಿ ತಪ್ಪುವುದೇ ಅಲ್ಲಿ. ನಳಿಗೆ ಸೊಂಟಪಟ್ಟಿಯಿಂದ ಕೆಳಗೆ ಪ್ಯಾಂಟಿನೊಳಗೆ ಇಳಿಯುತ್ತದೆ. ಒಂದು ಅಂಗುಲ ಹೆಚ್ಚಿದ್ದರೂ ಹೊರಗೆ ಗೊತ್ತಾಗುವುದಿಲ್ಲ. ಅಂಗಿಯನ್ನು ಉಬ್ಬಿಸುವುದು ಪಟ್ಟಿಯ ಮೇಲೆ ಚಾಚಿಕೊಂಡಿರುವ ಹಿಡಿ, ಅದರಲ್ಲೂ ಹಿಡಿಯ ಬುಡ. ಮ್ಯಾಗಜೀನ್ ಸಮೇತ 17ರ ಎತ್ತರ 139 ಮಿ.ಮೀ., 19ರದು 128, 26ರದು 106. ಮರೆಗೆ ಲೆಕ್ಕಕ್ಕೆ ಬರುವುದು ಈ ಅಳತೆ ಮತ್ತು ದಪ್ಪ. ಹಾಗೆಂದು ಹಿಡಿಯನ್ನು ತೀರಾ ಗಿಡ್ಡ ಮಾಡಿದರೆ ಕಿರುಬೆರಳಿಗೆ ಜಾಗ ಸಿಗದೆ ಹಿಡಿತ ಸಡಿಲವಾಗುತ್ತದೆ. ಹಗುರ ಪಿಸ್ತೂಲು ಹೆಚ್ಚು ಒದೆಯುತ್ತದೆ. (‘ರಿಕಾಯ್ಲ್’ಗೆ ‘ಒದೆತ’ ಇರಲಿ, ಕೋವಿ ಒದೆಯಿತು ಎಂದೇ ಜನ ಅನ್ನುತ್ತಾರೆ.) ಮಣಿಕಟ್ಟು ಬಿಗಿಯಾಗಿ ನಿಲ್ಲದಿದ್ದರೆ ಗುಂಡು ಹಾರಿದಾಗ ಹಿಂದೆ ಮುಂದೆ ಜಾರುವ ಮೇಲಿನ ಭಾಗ, ಅಂದರೆ ಸ್ಲೈಡ್, ಪೂರ್ತಿ ಹಿಂದಕ್ಕೆ ಸರಿಯದೆ ಖಾಲಿ ತೋಟಾ ಸಿಕ್ಕಿಕೊಳ್ಳಬಹುದು. ಅನೇಕರು 26ನ್ನು ಬಿಟ್ಟು 19ಕ್ಕೆ ನಿಲ್ಲುವುದು ಇದಕ್ಕೇ. 2018ರಲ್ಲಿ ಬಂದ ಸಿಗ್ ಕಂಪನಿಯ ಪಿ365 ಪಿಸ್ತೂಲು ಸುಮಾರು ಒಂದಂಗುಲ ದಪ್ಪದಲ್ಲೇ 10 ತೋಟಾ ಹಿಡಿಸಿತು. ಅಂಥವಕ್ಕೆ ‘ಮೈಕ್ರೋ’ ಎನ್ನುತ್ತಾರೆ, ಅದನ್ನು ಹಾಗೆಯೇ ಬಿಡಿ.

‘ಪ್ರಿಂಟಿಂಗ್’ ಎಂದರೆ ಪಿಸ್ತೂಲಿನ ಆಕಾರ ಬಟ್ಟೆಯ ಮೇಲೆ ಎದ್ದು ಕಾಣುವುದು. ‘ಉಬ್ಬು ಕಾಣುವುದು’ ಸಾಕು. ಹೋಲ್‌ಸ್ಟರಿಗೆ ನಮ್ಮ ‘ಒರೆ’ ಇದೆ. ಕತ್ತಿಯ ಒರೆ ಇದ್ದಂತೆ ಪಿಸ್ತೂಲಿನ ಒರೆ. ಆದರೆ ಕೈಪಿಡಿಯಲ್ಲಿ ಒಂದು ಸಾಲು ಬಿಟ್ಟುಹೋಗಬಾರದು: ಒರೆ ಗಟ್ಟಿಯಾಗಿದ್ದು ಟ್ರಿಗರನ್ನೂ ಅದರ ಸುತ್ತಿನ ಬಳೆಯನ್ನೂ ಪೂರ್ತಿ ಮುಚ್ಚಬೇಕು. ಮೆತ್ತಗಿನ ಒರೆಯ ಬಾಯಿ ಮಡಚಿಕೊಂಡರೆ, ಅಥವಾ ಒರೆಗೆ ಹಾಕುವಾಗ ಅಂಗಿಯ ಅಂಚು ಬಳೆಯೊಳಗೆ ಸೇರಿದರೆ, ಗುಂಡು ಹಾರಬಹುದು. ಹಾಕುವ ಮುನ್ನ ಅಂಗಿ ಎತ್ತಿ, ಕಣ್ಣಲ್ಲಿ ನೋಡಿ, ನಿಧಾನವಾಗಿ ಇಳಿಸಬೇಕು.

ಹೀಗೆ ತಾನಾಗಿ ಹಾರಿದ ಗುಂಡಿಗೆ ನಮ್ಮ ಪತ್ರಿಕೆಗಳು ‘ಮಿಸ್‌ಫೈರ್’ ಎಂದು ಬರೆಯುತ್ತವೆ. ಬಂದೂಕಿನವರ ಮಾತಿನಲ್ಲಿ ಅದು ತದ್ವಿರುದ್ಧ: ಟ್ರಿಗರ್ ಎಳೆದರೂ ತೋಟಾ ಸಿಡಿಯದಿರುವುದು. ಅಂಥ ತೋಟಾ ತಡವಾಗಿ ಸಿಡಿಯಬಹುದು. ಆದ್ದರಿಂದ ಗುರಿಯ ಮೈದಾನದಲ್ಲಿ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡು ಕಾಯಬೇಕು. ಎರಡನ್ನೂ ಒಂದೇ ಪದದಲ್ಲಿ ಹೇಳಿದರೆ ಓದುಗನಿಗೆ ಅಪಾಯ. ಒಂದಕ್ಕೆ ‘ಅಜಾಗರೂಕತೆಯಿಂದ ಹಾರಿದ ಗುಂಡು’, ಇನ್ನೊಂದಕ್ಕೆ ‘ಸಿಡಿಯದ ತೋಟಾ’.

‘ಕುದುರೆ’ ಹಳೆಯ ಬಳಕೆಯಲ್ಲಿ ಟ್ರಿಗರ್ ಅಲ್ಲ. ಹಿಂದಕ್ಕೆ ಎಳೆದು ನಿಲ್ಲಿಸಿ, ಬಿಟ್ಟಾಗ ಬಡಿಯುವ ಸುತ್ತಿಗೆ. ಗ್ಲಾಕಿನಲ್ಲಿ ಆ ಸುತ್ತಿಗೆಯೇ ಇಲ್ಲ, ಒಳಗಿನ ಸ್ಟ್ರೈಕರ್ ತೋಟಾವನ್ನು ಚುಚ್ಚುತ್ತದೆ. ಸ್ಮಿತ್ ಅಂಡ್ ವೆಸನ್ 642 ಎಂಬ ಐದು ಗುಂಡಿನ ರಿವಾಲ್ವರಿನಲ್ಲಿ ಕುದುರೆ ಇದೆ, ಆದರೆ ಜೇಬಿಗೆ ಸಿಕ್ಕಿಕೊಳ್ಳದಂತೆ ಕವಚದ ಒಳಗಿದೆ. ಬೆರಳಿನಿಂದ ಎಳೆಯುವ ಭಾಗಕ್ಕೆ ‘ಟ್ರಿಗರ್’ ಎಂದೇ ಇರಲಿ.

ಮತ್ತೊಬ್ಬರ ಸೇರ್ಪಡೆ:

ಮೇಲಿನದಕ್ಕೆಲ್ಲ ಒಪ್ಪಿಗೆ. ಎರಡು ಮಾತು. ತೋಟಾದ ಹೆಸರಿನಲ್ಲಿ ಬರುವ ‘.38’ ಅನ್ನು ಮಿ.ಮೀ. ಮಾಡಿಬಿಡಬೇಡಿ, ಅದು ಅಂಗುಲದ ಭಾಗ. ‘9 ಎಂಎಂ’ ಎಂದಷ್ಟೇ ಬರೆದರೂ ಸಾಲದು. 9×19 ಬೇರೆ, .380 ಎನಿಸಿಕೊಳ್ಳುವ 9×17 ಬೇರೆ. ಗುಂಡಿನ ಅಡ್ಡಳತೆ ಹೆಚ್ಚುಕಡಿಮೆ ಒಂದೇ ಆದರೂ ತೋಟಾದ ಉದ್ದ ಬೇರೆ, ಒಂದರ ತೋಟಾವನ್ನು ಇನ್ನೊಂದರಲ್ಲಿ ಹಾಕಿ ಹಾರಿಸುವಂತಿಲ್ಲ.

ಕರ್ನಾಟಕದ ಓದುಗರಿಗಾಗಿ ಅಡಿಟಿಪ್ಪಣಿಯೂ ಬೇಕು. ಭಾರತದಲ್ಲಿ 9×19 ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ). ಸಾಮಾನ್ಯ ಪರವಾನಗಿಗೆ ಸಿಗುವುದು .32 ಬೋರಿನಂಥವು. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೊರತಂದ ‘ನಿರ್ಭೀಕ್’ ರಿವಾಲ್ವರ್ .32ರದು, ತೂಕ ಸುಮಾರು 500 ಗ್ರಾಂ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಒರೆಯಲ್ಲೋ ಚೀಲದಲ್ಲೋ ಇಟ್ಟೇ ಒಯ್ಯಬೇಕು, ಝಳಪಿಸುವಂತಿಲ್ಲ. ಟೆಕ್ಸಸ್ಸಿನ ನಿಯಮವನ್ನು ಇಲ್ಲಿನದೆಂದು ಯಾರೂ ತಿಳಿಯದಂತೆ ಆ ಟಿಪ್ಪಣಿಯನ್ನು ಮೊದಲ ಪುಟದಲ್ಲೇ ಹಾಕಿ.