ಐಆರ್‌ಎ ಖಾತೆಗೆ ಚಿನ್ನದ ಗಟ್ಟಿ: ಯಾವ ಬ್ರ್ಯಾಂಡ್, ಎಷ್ಟು ಟಚ್ (ಶುದ್ಧತೆ)?

ಪ್ರಶ್ನೆ, ನ್ಯೂಜೆರ್ಸಿಯಿಂದ: ಹಳೆಯ ಕಂಪನಿಯ 401(ಕೆ) (ಕಂಪನಿ ಮೂಲಕದ ನಿವೃತ್ತಿ ಉಳಿತಾಯ) ಹಣದಲ್ಲಿ ಒಂದು ಪಾಲನ್ನು ಸೆಲ್ಫ್ ಡೈರೆಕ್ಟೆಡ್ ಐಆರ್‌ಎಗೆ (ಹೂಡಿಕೆ ನಾವೇ ಆರಿಸುವ ವೈಯಕ್ತಿಕ ನಿವೃತ್ತಿ ಖಾತೆಗೆ) ಹಾಕಿ ಚಿನ್ನ, ಬೆಳ್ಳಿ ಗಟ್ಟಿ ಕೊಳ್ಳುವ ಯೋಚನೆಯಿದೆ. ಡೀಲರ್ ಕೇಳಿದರೆ "ನಮ್ಮದೆಲ್ಲ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಒಪ್ಪಿದ ಬ್ರ್ಯಾಂಡ್" ಅನ್ನುತ್ತಾರೆ. ಆ ಪಟ್ಟಿ ಎಲ್ಲಿ ಸಿಗುತ್ತದೆ? ಊರಿಂದ ತಂದ 24 ಕ್ಯಾರೆಟ್ ಬಿಸ್ಕತ್ತುಗಳೂ ಇವೆ, ಅವನ್ನೂ ಸೇರಿಸಬಹುದೇ? ತಿಳಿದವರು ದಯವಿಟ್ಟು ಹೇಳಿ.

ಡಲ್ಲಾಸಿನಿಂದ: ಅಂಥ ಪಟ್ಟಿಯೇ ಇಲ್ಲ ಸರ್. ಐಆರ್‌ಎಸ್ ಯಾವ ಬ್ರ್ಯಾಂಡಿಗೂ ಒಪ್ಪಿಗೆ ಕೊಡುವುದಿಲ್ಲ. ತೆರಿಗೆ ಕಾನೂನಿನ 408(ಎಂ) ಕಲಮು ನೋಡುವುದು ಬ್ರ್ಯಾಂಡನ್ನಲ್ಲ, ಶುದ್ಧತೆಯನ್ನು. ಫ್ಯೂಚರ್ಸ್ ಪೇಟೆಯಲ್ಲಿ (ಮುಂದಿನ ದಿನಾಂಕಕ್ಕೆ ಕರಾರು ಮಾಡುವ ಪೇಟೆ) ಡೆಲಿವರಿಗೆ ಬೇಕಾದ ಕನಿಷ್ಠ ಶುದ್ಧತೆ ಗಟ್ಟಿಗೆ ಇರಬೇಕು, ಅದು ಟ್ರಸ್ಟಿಯ (ಖಾತೆ ನೋಡಿಕೊಳ್ಳುವ ಸಂಸ್ಥೆಯ) ವಶದಲ್ಲಿರಬೇಕು, ಅಷ್ಟೇ. ಸಾವಿರದ ಲೆಕ್ಕದಲ್ಲಿ ಚಿನ್ನಕ್ಕೆ 995, ಬೆಳ್ಳಿಗೆ 999, ಪ್ಲಾಟಿನಂ ಮತ್ತು ಪಲ್ಲಾಡಿಯಂಗೆ 999.5. ಗಟ್ಟಿಗಳಿಗೆ ಈ ಬಾಗಿಲು ತೆರೆದದ್ದೇ 1997ರ ತಿದ್ದುಪಡಿಯಲ್ಲಿ.

ಬ್ರ್ಯಾಂಡಿನ ಷರತ್ತು ಬರುವುದು ಖಾತೆ ನೋಡಿಕೊಳ್ಳುವ ಆ ಸಂಸ್ಥೆ, ಅಂದರೆ ಕಸ್ಟೋಡಿಯನ್ ಕಡೆಯಿಂದ. ಸಾಮಾನ್ಯವಾಗಿ ಅವರು ಕೇಳುವುದು ಇದು: ಗಟ್ಟಿ ಮಾಡಿದ ರಿಫೈನರಿ ಕೋಮೆಕ್ಸ್, ನೈಮೆಕ್ಸ್ (ನ್ಯೂಯಾರ್ಕಿನ ಫ್ಯೂಚರ್ಸ್ ಪೇಟೆಗಳು), ಎಲ್‌ಬಿಎಂಎ, ಎಲ್‌ಪಿಪಿಎಂ (ಲಂಡನ್ನಿನ ಲೋಹ ವ್ಯಾಪಾರ ಸಂಘಗಳು) ಇವುಗಳಲ್ಲೊಂದರ ಮಾನ್ಯತೆ ಪಡೆದಿರಬೇಕು, ಅಥವಾ ಗುಣಮಟ್ಟದ ಐಎಸ್‌ಒ 9000 ಪ್ರಮಾಣಪತ್ರ ಇರಬೇಕು, ಇಲ್ಲವೇ ಅದು ಒಂದು ದೇಶದ ಸರ್ಕಾರಿ ಟಂಕಸಾಲೆಯಾಗಿರಬೇಕು. ಪ್ಯಾಂಪ್, ವಾಲ್‌ಕಾಂಬಿ, ಆರ್ಗೋರ್-ಹೆರೇಯಸ್, ರಾಯಲ್ ಕೆನಡಿಯನ್ ಮಿಂಟ್ ಗಟ್ಟಿಗಳಿಗೆ ತಕರಾರು ಬರುವುದು ಅಪರೂಪ. ಹೆಸರೇ ಕೇಳಿರದ ಟಂಕಸಾಲೆಯ 999 ಬೆಳ್ಳಿ ಗಟ್ಟಿ ಕಾನೂನಿಗೆ ಸರಿಹೋದರೂ ಕಸ್ಟೋಡಿಯನ್ ವಾಪಸ್ ಕಳಿಸಬಹುದು. ಹಾಗಾಗಿ ಡೀಲರ್ ಮಾತು ಬಿಡಿ, ಕಸ್ಟೋಡಿಯನ್ ಹತ್ತಿರ ಅವರ ಷರತ್ತುಗಳನ್ನು ಬರವಣಿಗೆಯಲ್ಲಿ ಕೇಳಿ.

ಫೀನಿಕ್ಸ್‌ನಿಂದ: ನಾಣ್ಯ ಕೊಳ್ಳುವವರು ಎಡವುವ ಜಾಗ ಒಂದಿದೆ. ಅಮೆರಿಕನ್ ಈಗಲ್ ಚಿನ್ನದ ನಾಣ್ಯ 22 ಕ್ಯಾರೆಟ್, 916.7. ಆದರೂ ಸೇರುತ್ತದೆ, ಏಕೆಂದರೆ ಕಾನೂನೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಅದೇ ಶುದ್ಧತೆಯ ದಕ್ಷಿಣ ಆಫ್ರಿಕಾದ ಕ್ರುಗರ್‌ರ್ಯಾಂಡ್ ಸೇರುವುದಿಲ್ಲ. ಬ್ರಿಟನ್ನಿನ ಬ್ರಿಟಾನಿಯಾ ನಾಣ್ಯ ಇನ್ನೂ ಮೋಸ: 2013ರಿಂದೀಚಿನ ಚಿನ್ನದ ಬ್ರಿಟಾನಿಯಾ 999.9, ಅದಕ್ಕೂ ಹಿಂದಿನದು 22 ಕ್ಯಾರೆಟ್. ಬೆಳ್ಳಿಯದೂ ಅದೇ ಕತೆ, ಮೊದಲು 958, ಆಮೇಲೆ 999. ಹೆಸರು ಒಂದೇ, ಇಸವಿ ನೋಡದಿದ್ದರೆ ಕೆಟ್ಟಿತು. 925ರ ಸ್ಟರ್ಲಿಂಗ್ ಬೆಳ್ಳಿಯ ಮಾತೇ ಬೇಡ.

ಇನ್ನೊಂದು, "ಅಪರೂಪದ ನಾಣ್ಯ, ಬೆಲೆ ಏರುತ್ತದೆ" ಎಂದು ಫೋನಿನಲ್ಲಿ ಒತ್ತಾಯ ಮಾಡಿದರೆ ಫೋನ್ ಇಟ್ಟುಬಿಡಿ. ಲೋಹದ ಬೆಲೆಯ ಮೇಲೆ ಎಷ್ಟು ಪ್ರೀಮಿಯಂ, ಇವತ್ತೇ ವಾಪಸ್ ಮಾರಿದರೆ ಎಷ್ಟು ಕೊಡುತ್ತೀರಿ, ಈ ಎರಡೇ ಪ್ರಶ್ನೆ ಕೇಳಿ.

ಷಿಕಾಗೋದಿಂದ: ಕ್ರಮ ಹೀಗೆ. ಮೊದಲು ಖಾತೆ ತೆರೆಯಿರಿ. 401(ಕೆ) ಹಣ ನೇರವಾಗಿ ಹೊಸ ಕಸ್ಟೋಡಿಯನ್ ಹೆಸರಿಗೇ ಹೋಗಲಿ, ನಿಮ್ಮ ಹೆಸರಿಗೆ ಚೆಕ್ ಬಂದರೆ 20% ತೆರಿಗೆ ಹಿಡಿದುಕೊಂಡು ಕೊಡುತ್ತಾರೆ, ಆಮೇಲೆ 60 ದಿನದೊಳಗೆ ಆ 20% ಅನ್ನೂ ಕೈಯಿಂದ ತುಂಬಿ ಪೂರ್ತಿ ಮೊತ್ತ ಹಾಕಬೇಕು. ಬಳಿಕ ಡೀಲರ್ ಹತ್ತಿರ ದರ ಕುದುರಿಸಿ, ಖರೀದಿ ಆದೇಶದ ಫಾರಂ ಕಸ್ಟೋಡಿಯನ್‌ಗೆ ಕೊಡಿ. ಅದರಲ್ಲಿ ಲೋಹ, ತೂಕ, ಶುದ್ಧತೆ, ತಯಾರಕರ ಹೆಸರು, ಎಷ್ಟು ಗಟ್ಟಿ ಎಲ್ಲ ಬರೆದಿರಬೇಕು. ಹಣ ಕೊಡುವವರು ಕಸ್ಟೋಡಿಯನ್, ಮಾಲು ಹೋಗುವುದು ಡಿಪಾಸಿಟರಿ ಎಂಬ ಭದ್ರ ಗೋದಾಮಿಗೆ. ನಿಮ್ಮ ಮನೆ ಬಾಗಿಲಿಗೆ ಅದು ಬರಲೇಬಾರದು.

ತೂಕ ಟ್ರಾಯ್ ಔನ್ಸಿನಲ್ಲಿ, ಒಂದು ಔನ್ಸ್ 31.1035 ಗ್ರಾಂ. ಸಣ್ಣ ಗಟ್ಟಿಗಳಲ್ಲಿ ಮುದ್ರಿಸಿದ ತೂಕವೇ ಕರಾರುವಾಕ್ಕಾಗಿ ಇರಬೇಕು. 1,000 ಔನ್ಸಿನ ಬೆಳ್ಳಿ ಗಟ್ಟಿ ಮಾತ್ರ ಒಂದೊಂದು ಒಂದೊಂದು ತೂಕ, ಬಿಲ್ಲಿನಲ್ಲಿ ಗಟ್ಟಿಯ ಸಂಖ್ಯೆ ಮತ್ತು ನಿಜವಾದ ತೂಕ ಎರಡೂ ಇವೆಯೇ ನೋಡಿ. ನಿಮ್ಮದೇ ಗಟ್ಟಿ ನಿಮಗೆ ವಾಪಸ್ ಬೇಕೆಂದರೆ "ಸೆಗ್ರಿಗೇಟೆಡ್" ಶೇಖರಣೆ ಕೇಳಿ, ಬಾಡಿಗೆ ಸ್ವಲ್ಪ ಹೆಚ್ಚು. ಇಲ್ಲದಿದ್ದರೆ ಅದೇ ಬಗೆಯ ಇನ್ನೊಂದು ಗಟ್ಟಿ ಸಿಗುತ್ತದೆ.

ನ್ಯೂಜೆರ್ಸಿಯವರು ಮತ್ತೆ: ಎಲ್ಲರಿಗೂ ಧನ್ಯವಾದ. ಬಿಸ್ಕತ್ತಿನ ವಿಷಯ ಉಳಿಯಿತು. ಅವು ಎಂಎಂಟಿಸಿ-ಪ್ಯಾಂಪ್‌ನವು, 999.9 ಅಂತ ಮುದ್ರೆ ಇದೆ.

ಡಲ್ಲಾಸಿನಿಂದ: ರಿಫೈನರಿ ಎಲ್‌ಬಿಎಂಎ ಪಟ್ಟಿಯದೇ, ಶುದ್ಧತೆಗೂ ಕೊರತೆಯಿಲ್ಲ. ಆದರೆ ಮಾಲು ನಿಮ್ಮದು, ತೊಡಕು ಅಲ್ಲಿದೆ. ಐಆರ್‌ಎಗೆ ವಂತಿಗೆ ನಗದಾಗಿಯೇ ಹೋಗಬೇಕು. ನಿಮ್ಮ ಚಿನ್ನವನ್ನು ನಿಮ್ಮದೇ ಐಆರ್‌ಎಗೆ ಮಾರಿದರೆ ಅದು ನಿಷಿದ್ಧ ವ್ಯವಹಾರ, ಇಡೀ ಖಾತೆಯೇ ಆ ವರ್ಷದ ಮೊದಲ ದಿನ ಮುರಿದಂತೆ ಲೆಕ್ಕ. ಬಿಸ್ಕತ್ತು ಲಾಕರಿನಲ್ಲೇ ಇರಲಿ. "ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿ ಐಆರ್‌ಎ ಚಿನ್ನ ಮನೆಯಲ್ಲೇ ಇಡಿ" ಎನ್ನುವ ಜಾಹೀರಾತನ್ನೂ ನಂಬಬೇಡಿ. 2021ರ ಮ್ಯಾಕ್‌ನಲ್ಟಿ ಪ್ರಕರಣದಲ್ಲಿ ಹಾಗೆ ಮನೆಯಲ್ಲಿಟ್ಟ ಈಗಲ್ ನಾಣ್ಯಗಳನ್ನು ಟ್ಯಾಕ್ಸ್ ಕೋರ್ಟು ಖಾತೆಯಿಂದ ತೆಗೆದದ್ದೆಂದೇ ಎಣಿಸಿ ತೆರಿಗೆ ಹಾಕಿತು.

ಷಿಕಾಗೋದಿಂದ: ಒಂದು ಮರೆತಿದ್ದೆ. 73 ವರ್ಷ ವಯಸ್ಸಿಗೆ (1960 ಅಥವಾ ಆಮೇಲೆ ಹುಟ್ಟಿದವರಿಗೆ 75ಕ್ಕೆ) ಖಾತೆಯಿಂದ ಪ್ರತಿ ವರ್ಷ ಕಡ್ಡಾಯವಾಗಿ ಇಷ್ಟು ತೆಗೆಯಬೇಕೆಂಬ ನಿಯಮ ಶುರುವಾಗುತ್ತದೆ. ಕಿಲೋ ಗಟ್ಟಿಯನ್ನು ಕತ್ತರಿಸಿ ಕೊಡಲಾಗದು. ಬೇರೆ ಸಾಂಪ್ರದಾಯಿಕ ಐಆರ್‌ಎ ಇದ್ದರೆ ಒಟ್ಟು ಮೊತ್ತವನ್ನು ಅದರಿಂದಲೇ ತೆಗೆಯಬಹುದು. ಇದೊಂದೇ ಖಾತೆ ಆಗಿದ್ದರೆ ಒಂದು ಔನ್ಸ್, ಹತ್ತು ಔನ್ಸ್ ಗಟ್ಟಿಗಳನ್ನೇ ಕೊಳ್ಳಿ, ಔನ್ಸಿಗೆ ಪ್ರೀಮಿಯಂ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.