ಕರ್ನಲ್ ಬಗ್ಗು, ಲೈಸೆನ್ಸ್ ಜಗಳ: ಈ ವಾರದ ಪ್ರಶ್ನೋತ್ತರ

ಗೆಳೆಯರೇ, ಲಿನಕ್ಸ್ ಕರ್ನಲ್ (ಹಾರ್ಡ್‌ವೇರನ್ನು ನಡೆಸುವ ಲಿನಕ್ಸ್‌ನ ಒಳತಿರುಳು) ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ವಾರ ಕೇಳಿದ್ದೆವು. ಬಂದ ಪ್ರಶ್ನೆಗಳಲ್ಲಿ ಅರ್ಧ ಬಗ್ ಬಗ್ಗೆ, ಅರ್ಧ ಲೈಸೆನ್ಸ್ ಬಗ್ಗೆ. ಉತ್ತರ ಕೊಡುತ್ತಿರುವವರು ಬೆಂಗಳೂರಿನಲ್ಲಿ 14 ವರ್ಷದಿಂದ ಡ್ರೈವರ್ (ಒಂದೊಂದು ಡಿವೈಸನ್ನು ಕರ್ನಲ್ ಜೊತೆ ಮಾತಾಡಿಸುವ ಕೋಡ್) ಬರೆಯುತ್ತಿರುವ ನಮ್ಮ ಗುಂಪಿನವರೇ. (ಅಡ್ಮಿನ್)

ಪ್ರಶ್ನೆ (ಹುಬ್ಬಳ್ಳಿ, ಬಿ.ಇ. 3ನೇ ವರ್ಷ): ಮೇಡಂ, ನಮ್ಮ ಪ್ರಾಜೆಕ್ಟಿನ ಯುಎಸ್‌ಬಿ ಬೋರ್ಡಿಗೆ ನಾವೇ ಡ್ರೈವರ್ ಬರೆದಿದ್ದೇವೆ. ಡೇಟಾ ಓದುತ್ತಿರುವಾಗ ಕೇಬಲ್ ಕಿತ್ತರೆ ಕೆಲವು ಸಲ ಮಷೀನ್ ಹ್ಯಾಂಗ್ ಆಗುತ್ತದೆ. ಲಾಗ್‌ನಲ್ಲಿ "ಕರ್ನಲ್ ನಲ್ ಪಾಯಿಂಟರ್ ಡಿರೆಫರೆನ್ಸ್, ಅಡ್ರೆಸ್ 0000000000000018" ಅಂತ ಬರುತ್ತದೆ. ಪಾಯಿಂಟರ್ (ಮೆಮೊರಿಯ ಅಡ್ರೆಸ್ ಹಿಡಿದಿರುವ ವೇರಿಯಬಲ್) ನಲ್, ಅಂದರೆ ಖಾಲಿ, ಇದೆಯಾ ಅಂತ ಒಂದು ಚೆಕ್ ಹಾಕಿದೆವು. ಕಮ್ಮಿ ಆಯಿತು, ಪೂರ್ತಿ ನಿಲ್ಲಲಿಲ್ಲ. ಎಲ್ಲಿ ತಪ್ಪಿದ್ದೇವೆ?

ಉತ್ತರ: ಮೊದಲು ಆ 18 ನೋಡಿ. ಅದು ಹೆಕ್ಸ್ ಸಂಖ್ಯೆ, ನಮ್ಮ ಲೆಕ್ಕದಲ್ಲಿ 24. ಅಡ್ರೆಸ್ ಪೂರ್ತಿ ಸೊನ್ನೆ ಇಲ್ಲ, ಸೊನ್ನೆಗೆ 24 ಬೈಟ್ ಆಚೆ ಇದೆ. ಅಂದರೆ ನಿಮ್ಮ ಯಾವುದೋ ಸ್ಟ್ರಕ್ಚರ್‌ನ (ಹಲವು ಡೇಟಾ ಫೀಲ್ಡ್ ಒಟ್ಟಿಗೆ ಇಟ್ಟ ಕಟ್ಟಿನ) ಪಾಯಿಂಟರ್ ನಲ್ ಆಗಿದೆ, ಕೋಡ್ ಅದರೊಳಗೆ 24ನೇ ಬೈಟಿನಲ್ಲಿರುವ ಫೀಲ್ಡ್ ಮುಟ್ಟಲು ಹೋಗಿದೆ. ಪಾಹೋಲ್ ಅಂತ ಒಂದು ಟೂಲ್ ಇದೆ. ಸ್ಟ್ರಕ್ಚರ್‌ನ ಯಾವ ಫೀಲ್ಡ್ ಎಷ್ಟನೇ ಬೈಟಿನಲ್ಲಿ ಕೂತಿದೆ ಅಂತ ತೋರಿಸುತ್ತದೆ. ಎರಡು ನಿಮಿಷದಲ್ಲಿ ಫೀಲ್ಡಿನ ಹೆಸರು ಗೊತ್ತಾಗುತ್ತದೆ. ಅದೇ ಲಾಗ್‌ನಲ್ಲಿ ಕೆಳಗೆ "ಆರ್‌ಐಪಿ" ಅಂತ ಒಂದು ಸಾಲಿದೆ, ಅಲ್ಲಿ ಬಿದ್ದ ಹೊತ್ತಿಗೆ ಓಡುತ್ತಿದ್ದ ಫಂಕ್ಷನ್ ಹೆಸರು ಇರುತ್ತದೆ. ಕರ್ನಲ್ ಸೋರ್ಸಿನ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿರುವ ಡಿಕೋಡ್-ಸ್ಟ್ಯಾಕ್‌ಟ್ರೇಸ್‌ಗೆ ಆ ಲಾಗ್ ಕೊಟ್ಟರೆ ಸಾಲಿನ ನಂಬರೇ ಸಿಗುತ್ತದೆ. ಡೀಬಗ್ ಮಾಹಿತಿ ಸೇರಿಸಿ ಬಿಲ್ಡ್ ಮಾಡಿರಬೇಕು, ಅಷ್ಟೇ.

ಈಗ ಚೆಕ್ ಹಾಕಿದರೂ ಯಾಕೆ ನಿಲ್ಲಲಿಲ್ಲ ಅನ್ನುವುದು. ಕೇಬಲ್ ಕಿತ್ತಾಗ ಒಂದು ಸಿಪಿಯು ಮೇಲೆ ನಿಮ್ಮ ಡಿಸ್ಕನೆಕ್ಟ್ ಫಂಕ್ಷನ್ ಓಡುತ್ತದೆ. ಅದು ಮೆಮೊರಿ ಬಿಟ್ಟುಕೊಟ್ಟು ಪಾಯಿಂಟರನ್ನು ನಲ್ ಮಾಡುತ್ತದೆ. ಅದೇ ಹೊತ್ತಿಗೆ ಇನ್ನೊಂದು ಸಿಪಿಯು ಮೇಲೆ ರೀಡ್ ಫಂಕ್ಷನ್ ಓಡುತ್ತಿರುತ್ತದೆ. ನೀವು ಚೆಕ್ ಮಾಡಿದಾಗ ಪಾಯಿಂಟರ್ ಸರಿಯಾಗೇ ಇತ್ತು. ಮುಂದಿನ ಸಾಲಿಗೆ ಬರುವಷ್ಟರಲ್ಲಿ ಇಲ್ಲ. ಚೆಕ್ ಹಾಕಿ ನೀವು ಸಂದು ಚಿಕ್ಕದು ಮಾಡಿದ್ದೀರಿ, ಮುಚ್ಚಿಲ್ಲ. ಇದು ಮೊದಲಿಗಿಂತ ಕೆಟ್ಟದ್ದು ಅಂತಲೇ ನಾನು ಹೇಳುತ್ತೇನೆ. ದಿನಕ್ಕೆ ಹತ್ತು ಸಲ ಬೀಳುವ ಬಗ್ಗನ್ನು ಹಿಡಿಯಬಹುದು. ತಿಂಗಳಿಗೊಮ್ಮೆ ಬೀಳುವುದನ್ನು ಹಿಡಿಯುವುದು ಬಹಳ ಕಷ್ಟ.

ಮಾಡಬೇಕಾದ್ದು ಇದು. ಡಿವೈಸ್ ಓಪನ್ ಮಾಡಿದವರು ಪ್ರತಿಯೊಬ್ಬರೂ ಆ ಸ್ಟ್ರಕ್ಚರ್ ಮೇಲೆ ಒಂದು ಎಣಿಕೆ ಹಿಡಿಯಬೇಕು, ಕರ್ನಲ್‌ನಲ್ಲಿ ಅದಕ್ಕೆ ಕೆರೆಫ್ ಇದೆ. ಕೊನೆಯವರು ಬಿಟ್ಟ ಮೇಲೆಯೇ ಮೆಮೊರಿ ಫ್ರೀ ಆಗಬೇಕು. ಡಿಸ್ಕನೆಕ್ಟ್ ಬಂದಾಗ ಮ್ಯೂಟೆಕ್ಸ್ (ಒಂದು ಹೊತ್ತಿಗೆ ಒಬ್ಬರೇ ಹಿಡಿಯಬಹುದಾದ ಬೀಗ) ಹಿಡಿದು "ಬೋರ್ಡ್ ಹೋಯಿತು" ಅಂತ ಒಂದು ಗುರುತು ಹಾಕಿ. ರೀಡ್ ಕೂಡ ಅದೇ ಮ್ಯೂಟೆಕ್ಸ್ ಹಿಡಿದು ಆ ಗುರುತು ನೋಡಲಿ. ಕರ್ನಲ್ ಸೋರ್ಸಿನಲ್ಲೇ ಯುಎಸ್‌ಬಿ-ಸ್ಕೆಲಿಟನ್ ಅಂತ ಒಂದು ಮಾದರಿ ಡ್ರೈವರ್ ಇದೆ, ಅಲ್ಲಿ ಇದನ್ನೇ ಮಾಡಿದ್ದಾರೆ. ಒಂದು ಸಂಜೆ ಕೂತು ಓದಿ. ಟೆಸ್ಟ್ ಮಾಡುವಾಗ ಕಾಸಾನ್ ಅನ್ನುವ ಕರ್ನಲ್‌ನ ಟೂಲ್ ಆನ್ ಮಾಡಿಕೊಳ್ಳಿ. ಫ್ರೀ ಆದ ಮೆಮೊರಿ ಯಾರಾದರೂ ಮುಟ್ಟಿದರೆ ಅಲ್ಲೇ ಕೂಗಿ ಹೇಳುತ್ತದೆ.

ಅವರೇ ಮತ್ತೆ: ಗಿಟ್ (ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಟೂಲ್) ಬೈಸೆಕ್ಟ್ ಮಾಡು ಅಂತ ಸೀನಿಯರ್ ಒಬ್ಬರು ಅಂದರು. ಮಾಡಲಾ?

ಉತ್ತರ: ಬೇಡ. ಮೊದಲು ಸರಿ ಇದ್ದು ಆಮೇಲೆ ಕೆಟ್ಟದ್ದಕ್ಕೆ ಬೈಸೆಕ್ಟ್. ಕೆಲಸ ಮಾಡುತ್ತಿದ್ದ ವರ್ಷನ್ ಒಂದು, ಕೆಟ್ಟ ವರ್ಷನ್ ಒಂದು ಹೇಳಿದರೆ ಗಿಟ್ ನಡುವಿನದ್ದನ್ನು ಕೊಡುತ್ತದೆ. ಬೂಟ್ ಮಾಡಿ ಸರಿಯೋ ಕೆಟ್ಟದ್ದೋ ಹೇಳಿ, ಮತ್ತೆ ಅರ್ಧ. 14,000 ಕಮಿಟ್ (ದಾಖಲಾದ ಬದಲಾವಣೆ) ಇದ್ದರೂ 14 ಸಲ ಬೂಟ್ ಮಾಡಿದರೆ ತಪ್ಪಿತಸ್ಥ ಕಮಿಟ್ ಸಿಗುತ್ತದೆ. ನಿಮ್ಮ ಡ್ರೈವರ್ ಹುಟ್ಟಿದಾಗಿಂದಲೇ ಈ ಬಗ್ ಇದೆ, ಅಲ್ವಾ?

ಪ್ರಶ್ನೆ (ಶಿವಮೊಗ್ಗ): ಅಕ್ಕಾ, ಪ್ಯಾಚ್ (ಕರ್ನಲ್‌ಗೆ ಕಳಿಸುವ ತಿದ್ದುಪಡಿ) ಕೊನೆಯಲ್ಲಿ "ಸೈನ್ಡ್-ಆಫ್-ಬೈ" ಅಂತ ಹೆಸರು, ಇಮೇಲ್ ಹಾಕಲೇಬೇಕು ಅನ್ನುತ್ತಾರೆ. ನಾನು ಒಂದು ಸಾಲಿನ ಸ್ಪೆಲ್ಲಿಂಗ್ ತಿದ್ದಿದ್ದಕ್ಕೂ ಆ ಸಾಲು ಇಲ್ಲ ಅಂತ ವಾಪಸ್ ಕಳಿಸಿದರು. ಕೋಡಿಗೂ ಅದಕ್ಕೂ ಏನು ಸಂಬಂಧ?

ಉತ್ತರ: ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನನ್ನ ಇಡೀ ಕೆಲಸ ನಿಂತಿರುವುದು ಆ ಒಂದು ಸಾಲಿನ ಮೇಲೆ.

2003ರ ಮಾರ್ಚಿನಲ್ಲಿ ಎಸ್‌ಸಿಒ ಅನ್ನುವ ಅಮೆರಿಕದ ಕಂಪನಿ ಐಬಿಎಂ ಮೇಲೆ ಕೇಸ್ ಹಾಕಿತು. ನಮ್ಮ ಯುನಿಕ್ಸ್ (ಲಿನಕ್ಸ್‌ಗೂ ಹಿಂದಿನ ಆಪರೇಟಿಂಗ್ ಸಿಸ್ಟಮ್) ಕೋಡನ್ನು ಲಿನಕ್ಸ್‌ಗೆ ಹಾಕಿದ್ದೀರಿ ಅನ್ನುವುದು ಅವರ ದೂರು. ಮೊದಲು 100 ಕೋಟಿ ಡಾಲರ್ ಕೇಳಿದರು. ಆಮೇಲೆ ಅದು ಇನ್ನೂ ಏರಿತು. ಯುನಿಕ್ಸ್ ಕಾಪಿರೈಟ್ ಎಸ್‌ಸಿಒದ್ದಲ್ಲ, ನೊವೆಲ್ ಅನ್ನುವ ಇನ್ನೊಂದು ಕಂಪನಿಯದ್ದು ಅಂತ 2007ರಲ್ಲಿ ಜಡ್ಜ್ ಹೇಳಿದರು, 2010ರಲ್ಲಿ ಜ್ಯೂರಿಯೂ ಅದನ್ನೇ ಹೇಳಿತು. ಆದರೂ ಕೇಸಿನ ಬಾಲ ಮುಗಿದಿದ್ದು 2021ರಲ್ಲಿ. ಆ ಗಲಾಟೆ ಶುರುವಾದಾಗ ಕರ್ನಲ್ ಬರೆಯುವವರಿಗೆ ಬಂದ ಪ್ರಶ್ನೆ ಒಂದೇ: ಈ ಸಾಲು ಯಾರು ಬರೆದರು, ಎಲ್ಲಿಂದ ತಂದರು? ಹಳೆಯ ಇಮೇಲ್‌ಗಳನ್ನು ಕೆದಕಿ ಉತ್ತರ ಹುಡುಕಬೇಕಾಯಿತು.

2004ರ ಮೇ ತಿಂಗಳಲ್ಲಿ ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ ಈ ಸೈನ್ಡ್-ಆಫ್-ಬೈ ಪದ್ಧತಿ ತಂದರು. ಆ ಸಾಲಿನ ಅರ್ಥ ಇಷ್ಟೇ: ಇದು ನಾನೇ ಬರೆದದ್ದು, ಇಲ್ಲವೇ ಸರಿಯಾದ ಲೈಸೆನ್ಸ್ ಇರುವ ಕಡೆಯಿಂದ ತಂದದ್ದು, ಇದನ್ನು ಕೊಡುವ ಹಕ್ಕು ನನಗಿದೆ, ಈ ದಾಖಲೆ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಪ್ಯಾಚ್ ಕೈಯಿಂದ ಕೈಗೆ ಹೋದ ಹಾಗೆ ಪ್ರತಿ ಮೇಂಟೇನರ್ (ಕರ್ನಲ್‌ನ ಒಂದೊಂದು ಭಾಗ ನೋಡಿಕೊಳ್ಳುವವರು) ಕೆಳಗೆ ತನ್ನ ಸಾಲು ಸೇರಿಸುತ್ತಾರೆ. ಸ್ಪೆಲ್ಲಿಂಗ್ ತಿದ್ದಿದ್ದಕ್ಕೂ ಅದೇ ನಿಯಮ.

ಮಾರನೇ ವರ್ಷ ಇನ್ನೊಂದು ಜಗಳ. 2002ರಿಂದ ಕರ್ನಲ್ ಕೋಡ್ ಇಡುತ್ತಿದ್ದದ್ದು ಬಿಟ್‌ಕೀಪರ್ ಅನ್ನುವ ಖಾಸಗಿ ಸಾಫ್ಟ್‌ವೇರ್‌ನಲ್ಲಿ. ಕೆಲವು ಷರತ್ತಿನ ಮೇಲೆ ಪುಕ್ಕಟೆ ಕೊಟ್ಟಿದ್ದರು. ಸಾಂಬಾ ಅನ್ನುವ ಫೈಲ್ ಹಂಚುವ ಸಾಫ್ಟ್‌ವೇರ್ ಬರೆದ ಆಂಡ್ರೂ ಟ್ರಿಜೆಲ್ ಅದರ ಜೊತೆ ಮಾತಾಡುವ ಬೇರೆ ಟೂಲ್ ಮಾಡಲು ಹೊರಟರು. ಕಂಪನಿ 2005ರ ಏಪ್ರಿಲ್‌ನಲ್ಲಿ ಪುಕ್ಕಟೆ ವರ್ಷನ್ ವಾಪಸ್ ತೆಗೆದುಕೊಂಡಿತು. ಕರ್ನಲ್ ಬರೆಯುವವರ ಕೆಲಸ ನಿಲ್ಲುವ ಹಾಗಾಯಿತು. ಲೈನಸ್ ಕೆಲವೇ ದಿನಗಳಲ್ಲಿ ಗಿಟ್ ಬರೆದರು. ನಾವೆಲ್ಲ ದಿನಾ ಬಳಸುವ ಗಿಟ್ ಹುಟ್ಟಿದ್ದು ಒಂದು ಲೈಸೆನ್ಸ್ ಜಗಳದಿಂದ. ಈಗಲೂ ಯಾವುದಾದರೂ ಹಳೆಯ ಸಾಲಿನ ಮೇಲೆ ಗಿಟ್ ಬ್ಲೇಮ್ (ಆ ಸಾಲು ಯಾವ ಕಮಿಟ್‌ನಲ್ಲಿ ಬಂತು ಅಂತ ತೋರಿಸುವ ಕಮಾಂಡ್) ಹಾಕಿ ನೋಡಿ. ತುಂಬಾ ಹಳೆಯದಾದರೆ "ಲಿನಕ್ಸ್-2.6.12-ಆರ್‌ಸಿ2" ಅಂತ ಬಂದು ಅಲ್ಲೇ ನಿಂತುಬಿಡುತ್ತದೆ. ಅದಕ್ಕಿಂತ ಹಿಂದಿನ ಕಥೆ ಈ ಗಿಟ್‌ನಲ್ಲಿ ಇಲ್ಲ. ಆ ಗೋಡೆಗೆ ಬಂದು ನಿಂತಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಈಗ ಬಗ್ಗಿಗೆ ಬರೋಣ. ಡರ್ಟಿ ಕೌ ಅನ್ನುವ ಕರ್ನಲ್ ಬಗ್ಗಿನ ಹೆಸರು ಕೇಳಿರುತ್ತೀರಿ. 2016ರ ಅಕ್ಟೋಬರ್‌ನಲ್ಲಿ ಹೊರಬಂದದ್ದು. ಬರೀ ಓದುವ ಅನುಮತಿ ಇರುವ ಫೈಲಿಗೆ ಸಾಮಾನ್ಯ ಯೂಸರ್ ಬರೆಯಬಹುದಿತ್ತು. ಕರ್ನಲ್ ಆ ಫೈಲಿನ ಮೆಮೊರಿ ಪುಟದ ನಕಲು ಮಾಡಿ, ನಕಲಿನ ಮೇಲೆ ಬರೆಯಬೇಕು. ನಕಲು ಮಾಡಿದ ಮೇಲೆ, ಬರೆಯುವ ಮೊದಲು, ಇನ್ನೊಂದು ಥ್ರೆಡ್ "ಆ ನಕಲು ಬೇಡ" ಅಂತ ಎಸೆದುಬಿಟ್ಟರೆ ಬರಹ ನೇರ ಮೂಲ ಪುಟಕ್ಕೇ ಹೋಗುತ್ತಿತ್ತು. ಹುಬ್ಬಳ್ಳಿಯ ತಮ್ಮನ ಕೇಬಲ್ ಬಗ್ಗಿನ ಜಾತಿಯದ್ದೇ ಇದು. ನೋಡುವುದಕ್ಕೂ ಬಳಸುವುದಕ್ಕೂ ನಡುವೆ ಒಂದು ಸಂದು.

ಇದನ್ನು ಸರಿ ಮಾಡಿದ ಕಮಿಟ್‌ನಲ್ಲಿ ಲೈನಸ್ ನೇರವಾಗಿ ಬರೆದಿದ್ದಾರೆ: ಹನ್ನೊಂದು ವರ್ಷದ ಹಿಂದೆ ನಾನೇ ಇದನ್ನು ಸರಿ ಮಾಡಲು ಹೋಗಿದ್ದೆ, ಸರಿಯಾಗಿ ಮಾಡಲಿಲ್ಲ, ಐಬಿಎಂ ಮೇನ್‌ಫ್ರೇಮಿನ ಎಸ್390ಯಲ್ಲಿ ತೊಂದರೆ ಬಂತು ಅಂತ ಆಮೇಲೆ ಅದನ್ನು ತೆಗೆದುಹಾಕಲಾಯಿತು. ಆ ಎರಡು ಹಳೆಯ ಕಮಿಟ್‌ಗಳ ನಂಬರನ್ನೂ ಕೊಟ್ಟಿದ್ದಾರೆ. ಆ ದಾಖಲೆ ಇರದಿದ್ದರೆ ಮೂರನೆಯವರು ಬಂದು ಅದೇ ಹಳೆಯ ರಿಪೇರಿ ಮಾಡಿ ಅದೇ ಎಸ್390 ಮತ್ತೆ ಕೆಡಿಸುತ್ತಿದ್ದರು. ಯಾರು ಬರೆದರು, ಯಾಕೆ ಬರೆದರು ಅನ್ನುವ ದಾಖಲೆಯನ್ನು ಕೋರ್ಟಿನಲ್ಲಿ ವಕೀಲರು ಕೇಳುತ್ತಾರೆ, ರಾತ್ರಿ ಎರಡು ಗಂಟೆಗೆ ಬಗ್ ಹುಡುಕುವವರೂ ಅದನ್ನೇ ಕೇಳುತ್ತಾರೆ.

ಪ್ರಶ್ನೆ (ಬೆಂಗಳೂರು, ಹೆಸರು ಬೇಡ): ನಮ್ಮದು ಚಿಕ್ಕ ಕಂಪನಿ, ರೂಟರ್ ಮಾಡುತ್ತೇವೆ. ಒಳಗೆ ಲಿನಕ್ಸ್ ಇದೆ, ಕರ್ನಲ್‌ನಲ್ಲಿ ನಾವು ಬದಲಾವಣೆ ಮಾಡಿದ್ದೇವೆ. ಒಬ್ಬ ಗಿರಾಕಿ ಸೋರ್ಸ್ ಕೋಡ್ ಕೇಳಿ ಮೇಲ್ ಮಾಡಿದ್ದಾರೆ. ಬಾಸ್ "ಸುಮ್ನೆ ಇರು, ಉತ್ತರ ಕೊಡಬೇಡ" ಅಂತಾರೆ. ಏನು ಮಾಡಲಿ?

ಉತ್ತರ: ಉತ್ತರ ಕೊಡಿ. ಸುಮ್ಮನಿರುವುದು ಇರುವ ದಾರಿಗಳಲ್ಲಿ ಅತಿ ಕೆಟ್ಟದ್ದು.

ಲಿನಕ್ಸ್ 1992ರಿಂದ ಜಿಪಿಎಲ್ (ಬದಲಾಯಿಸಿ ಹಂಚಬಹುದು, ಆದರೆ ಸೋರ್ಸ್ ಕೊಡಬೇಕು ಅನ್ನುವ ಲೈಸೆನ್ಸ್) ಅಡಿಯಲ್ಲಿದೆ, ಎರಡನೇ ಆವೃತ್ತಿ. ರೂಟರ್ ಮಾರಿದ ಕ್ಷಣ ನೀವು ಕರ್ನಲ್ ಹಂಚಿದ ಹಾಗೆ. ಹಂಚಿದ ಮೇಲೆ ಬದಲಾಯಿಸಿದ ಸೋರ್ಸ್ ಡಬ್ಬದ ಜೊತೆಗೇ ಕೊಡಬೇಕು, ಇಲ್ಲವೇ ಕೇಳಿದವರಿಗೆ ಕೊಡುತ್ತೇವೆ ಅನ್ನುವ, ಕನಿಷ್ಠ ಮೂರು ವರ್ಷ ನಡೆಯುವ ಲಿಖಿತ ಮಾತನ್ನಾದರೂ ಡಬ್ಬದಲ್ಲಿ ಇಟ್ಟಿರಬೇಕು. ಬಿಲ್ಡ್ ಮಾಡುವ ಸ್ಕ್ರಿಪ್ಟೂ ಅದರಲ್ಲಿ ಸೇರುತ್ತದೆ. ಕರ್ನಲ್ ಮೇಲೆ ಓಡುವ ನಿಮ್ಮ ಸ್ವಂತ ವೆಬ್ ಪೇಜ್, ಆ್ಯಪ್‌ಗಳ ಕೋಡ್ ಕೊಡಬೇಕಿಲ್ಲ. ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆ) ಮೂಲಕ ಕರ್ನಲ್ ಬಳಸುವ ಪ್ರೋಗ್ರಾಂಗಳಿಗೆ ಈ ಷರತ್ತು ತಟ್ಟುವುದಿಲ್ಲ ಅಂತ ಕರ್ನಲ್ ಲೈಸೆನ್ಸಿನಲ್ಲೇ ಬರೆದಿದೆ. ನಿಮ್ಮ ಬಾಸ್‌ಗೆ ಹೆದರಿಕೆ ಇರುವುದು ಬಹುಶಃ ಇಲ್ಲೇ. ಇದನ್ನು ಮೊದಲು ಹೇಳಿ.

ಎರಡನೇ ಆವೃತ್ತಿಯಲ್ಲಿ ಒಂದು ಗಟ್ಟಿ ಮಾತಿದೆ: ನಿಯಮ ಮುರಿದರೆ ನಿಮ್ಮ ಹಕ್ಕು ತಾನಾಗೇ ಹೋಗುತ್ತದೆ. ಇದನ್ನು ಹಿಡಿದುಕೊಂಡು ಜರ್ಮನಿಯಲ್ಲಿ ಒಬ್ಬ ಡೆವಲಪರ್ ಕಂಪನಿಗಳ ಮೇಲೆ ಕೇಸ್ ಹಾಕುತ್ತಾ ಹೋದಾಗ ಕರ್ನಲ್ ಸಮುದಾಯಕ್ಕೇ ಇರಿಸುಮುರಿಸಾಯಿತು. 2017ರಲ್ಲಿ ಬಹಳಷ್ಟು ಡೆವಲಪರ್‌ಗಳು ಸೇರಿ ಒಂದು ಹೇಳಿಕೆಗೆ ಸಹಿ ಹಾಕಿದರು. ಮೊದಲ ಸಲ ತಪ್ಪು ಮಾಡಿದವರು ನೋಟಿಸ್ ಬಂದ 30 ದಿನದೊಳಗೆ ಸರಿ ಮಾಡಿಕೊಂಡರೆ ಅವರ ಹಕ್ಕು ವಾಪಸ್ ಬರುತ್ತದೆ ಅಂತ. ನನ್ನ ಮಟ್ಟಿಗೆ ಇದು ತುಂಬಾ ಒಳ್ಳೆಯ ಕೆಲಸ. ದುಡ್ಡು ಯಾರಿಗೆ ಬೇಕು, ನಮಗೆ ಬೇಕಿರುವುದು ಕೋಡ್.

ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರ್ ಕಥೆಯನ್ನೂ ಬಾಸ್‌ಗೆ ಹೇಳಿ. ಅದರೊಳಗೆ ಲಿನಕ್ಸ್ ಇದೆ ಅಂತ 2003ರಲ್ಲಿ ಜನ ಕಂಡುಹಿಡಿದರು. ಒತ್ತಾಯ ಬಂದ ಮೇಲೆ ಸೋರ್ಸ್ ಕೊಟ್ಟರು. ಆ ಕೋಡಿನಿಂದ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ರೂಟರ್ ಸಾಫ್ಟ್‌ವೇರ್ ಹುಟ್ಟಿತು. ಆ ರೂಟರ್ ಅದಾದ ಮೇಲೂ ವರ್ಷಗಟ್ಟಲೆ ಮಾರಾಟ ಆಯಿತು. ನಿಮ್ಮ ರೂಟರಿನ ಒಳಗಿರುವುದೂ ಬಹುಶಃ ಓಪನ್‌ಡಬ್ಲ್ಯುಆರ್‌ಟಿಯೇ ಇರಬೇಕು, ನೋಡಿ.

ಪ್ರಶ್ನೆ (ಮಂಗಳೂರು): ಬಗ್ ರಿಪೋರ್ಟ್ ಹಾಕಿದರೆ "ನಿನ್ನ ಕರ್ನಲ್ ಟೇಂಟೆಡ್" ಅಂತ ವಾಪಸ್ ಕಳಿಸಿದರು. ಏನು ಹಾಗಂದರೆ?

ಉತ್ತರ: ನಿಮ್ಮ ಕರ್ನಲ್ ಕಳಂಕಿತ ಅನ್ನುವ ಗುರುತು ಅದು. ಅನೇಕ ಸಲ ಕಾರಣ, ಸೋರ್ಸ್ ಇಲ್ಲದ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ತುಂಡು ಕೋಡ್) ಯಾವುದೋ ಲೋಡ್ ಆಗಿರುವುದು. ಗ್ರಾಫಿಕ್ಸ್ ಕಾರ್ಡಿನದ್ದೇ ಜಾಸ್ತಿ ಸಲ. ಕರ್ನಲ್ ಒಳಗೆ ಎಲ್ಲರ ಮೆಮೊರಿ ಒಂದೇ. ಆ ಮಾಡ್ಯೂಲ್ ಬೇರೆಯವರ ಡೇಟಾ ಕೆಡಿಸಿದರೂ ನೋಡಲು ಸೋರ್ಸ್ ಇಲ್ಲ. ಅದಿಲ್ಲದೆ ಬೂಟ್ ಮಾಡಿ ಅದೇ ಬಗ್ ಮತ್ತೆ ತೋರಿಸಿ, ಆಗ ಕೇಳುತ್ತಾರೆ.

ಪ್ರತಿ ಮಾಡ್ಯೂಲ್ ತನ್ನ ಲೈಸೆನ್ಸ್ ಯಾವುದು ಅಂತ ತಾನೇ ಹೇಳಿಕೊಳ್ಳುತ್ತದೆ. ಜಿಪಿಎಲ್ ಅಂದರೆ ಮಾತ್ರ ಕೆಲವು ಫಂಕ್ಷನ್ ಸಿಗುತ್ತವೆ. 2004ರಲ್ಲಿ ಒಂದು ಮೋಡೆಮ್ ಕಂಪನಿ ಆ ಜಾಗದಲ್ಲಿ "ಜಿಪಿಎಲ್" ಅಂತ ಬರೆದು, ಪಕ್ಕದಲ್ಲೇ ಒಂದು ಸೊನ್ನೆ ಬೈಟ್ ಇಟ್ಟು, ಆಮೇಲೆ "ಜಿಪಿಎಲ್ ಫೋಲ್ಡರಿನ ಫೈಲ್‌ಗಳಿಗೆ ಮಾತ್ರ" ಅಂತ ಮುಂದುವರಿಸಿತ್ತು. ಸಿ ಭಾಷೆಯಲ್ಲಿ ಸೊನ್ನೆ ಬೈಟ್ ಬಂದರೆ ಸ್ಟ್ರಿಂಗ್ ಮುಗಿಯಿತು. ಕರ್ನಲ್ ಓದಿದ್ದು ಬರೀ ಜಿಪಿಎಲ್. ಇಂಥವು ನಡೆದ ಮೇಲೆ ಮೇಂಟೇನರ್‌ಗಳು ಯಾಕೆ ಇಷ್ಟು ಗಟ್ಟಿಯಾಗಿ ಕೇಳುತ್ತಾರೆ ಅಂತ ಅರ್ಥ ಆಗುತ್ತದೆ.

ಪ್ರಶ್ನೆ (ಪುಣೆ): ಲಿನಕ್ಸ್ ಯಾಕೆ ಜಿಪಿಎಲ್ ಮೂರನೇ ಆವೃತ್ತಿಗೆ ಹೋಗಲಿಲ್ಲ?

ಉತ್ತರ: ಲೈನಸ್‌ಗೆ ಅದು ಇಷ್ಟ ಇರಲಿಲ್ಲ. ಕೋಡ್ ವಾಪಸ್ ಕೊಟ್ಟರೆ ಸಾಕು, ಅದನ್ನು ಓಡಿಸುವ ಯಂತ್ರಕ್ಕೆ ಷರತ್ತು ಬೇಡ ಅನ್ನುವುದು ಅವರ ವಾದ. ಇಷ್ಟ ಇದ್ದಿದ್ದರೂ ಕಷ್ಟವೇ. ಕಾಪಿರೈಟ್ ಒಬ್ಬರ ಕೈಯಲ್ಲಿಲ್ಲ, ಬರೆದ ಸಾವಿರಾರು ಜನರದ್ದು. ಅವರೆಲ್ಲ ಒಪ್ಪಬೇಕು.

ಪ್ರಶ್ನೆ (ಮೈಸೂರು): ಆಫೀಸ್ ಲ್ಯಾಪ್‌ಟಾಪಿನಲ್ಲಿ, ಆಫೀಸ್ ಟೈಮಲ್ಲಿ ಬರೆದ ಪ್ಯಾಚನ್ನು ನನ್ನ ಜಿಮೇಲ್‌ನಿಂದ ಕಳಿಸಬಹುದಾ?

ಉತ್ತರ: ಕೇಳದೆ ಕಳಿಸಬೇಡಿ. ನಮ್ಮ 1957ರ ಕಾಪಿರೈಟ್ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸದ ಭಾಗವಾಗಿ ಬರೆದದ್ದು ಕಂಪನಿಯದ್ದು. ಸೈನ್ಡ್-ಆಫ್-ಬೈ ಹಾಕಿದರೆ "ಕೊಡುವ ಹಕ್ಕು ನನಗಿದೆ" ಅಂತ ನೀವು ಹೇಳಿದ ಹಾಗೆ. ಆ ಹಕ್ಕು ಇಲ್ಲದೆ ಹೇಳಬಾರದು. ಮ್ಯಾನೇಜರ್‌ಗೆ ಎರಡು ಸಾಲಿನ ಮೇಲ್ ಹಾಕಿ, ಒಪ್ಪಿಗೆ ಲಿಖಿತದಲ್ಲಿ ತೆಗೆದುಕೊಳ್ಳಿ. ನಾನು ಮೊದಲ ಪ್ಯಾಚ್ ಕಳಿಸುವ ಮೊದಲು ಅದಕ್ಕಾಗಿ ಎರಡು ತಿಂಗಳು ಕಾದಿದ್ದೆ.

ಹುಬ್ಬಳ್ಳಿಯಿಂದ, ಮೂರು ದಿನದ ಮೇಲೆ: ಮೇಡಂ, ಚೆಕ್ ತೆಗೆದು ಕೆರೆಫ್ ಮತ್ತು ಮ್ಯೂಟೆಕ್ಸ್ ಹಾಕಿದೆವು. ಸ್ಕೆಲಿಟನ್ ಡ್ರೈವರ್ ನೋಡಿಕೊಂಡೇ ಬರೆದದ್ದು. ಕಾಸಾನ್ ಆನ್ ಮಾಡಿ ಇಬ್ಬರು ಸರದಿ ಮೇಲೆ ಕೇಬಲ್ 200 ಸಲ ಕಿತ್ತೆವು. ಒಂದು ಸಲವೂ ಬೀಳಲಿಲ್ಲ! ಪ್ಯಾಚ್ ಕೆಳಗೆ ಹಾಕಿದ್ದೇನೆ, ಕಮಿಟ್ ಮೆಸೇಜ್ "ಕ್ರ್ಯಾಶ್ ಸರಿ ಮಾಡಿದೆ" ಅಂತ ಬರೆದಿದ್ದೇವೆ.

ಉತ್ತರ: ತುಂಬಾ ಖುಷಿಯಾಯಿತು. ಕೋಡ್ ಓದಿದೆ, ಸರಿ ಇದೆ. ಮೆಸೇಜ್ ಸಾಲದು. ಕೇಬಲ್ ಕಿತ್ತಾಗ ಡಿಸ್ಕನೆಕ್ಟ್ ಮತ್ತು ರೀಡ್ ಒಟ್ಟಿಗೆ ಓಡುತ್ತವೆ, ರೀಡ್ ಬಳಸುತ್ತಿರುವ ಮೆಮೊರಿಯನ್ನೇ ಡಿಸ್ಕನೆಕ್ಟ್ ಫ್ರೀ ಮಾಡುತ್ತದೆ ಅಂತ ಬರೆಯಿರಿ. ಆ ಅಡ್ರೆಸ್ 18ರ ಲಾಗ್ ಸಾಲನ್ನೂ ಹಾಕಿ. ನಾಳೆ ಅದೇ ಸಾಲು ಕಂಡವರು ಹುಡುಕಿದರೆ ನಿಮ್ಮ ಪ್ಯಾಚ್ ಸಿಗಲಿ.

ಇನ್ನೊಂದು. ಸ್ಕೆಲಿಟನ್ ನೋಡಿಕೊಂಡು ಬರೆದೆವು ಅಂದಿರಿ. ಅದು ಜಿಪಿಎಲ್ 2.0, ಬರೆದವರ ಕಾಪಿರೈಟ್ ಸಾಲು ಅದರ ತಲೆಯಲ್ಲೇ ಇದೆ. ನಿಮ್ಮ ಫೈಲಿನಲ್ಲಿ ಲೈಸೆನ್ಸ್ ಸಾಲೇ ಇಲ್ಲ, ಕಾಪಿರೈಟ್ ಜಾಗದಲ್ಲಿ ಬರೀ ನಿಮ್ಮಿಬ್ಬರ ಹೆಸರಿದೆ. ಮೊದಲ ಸಾಲಿನಲ್ಲಿ ಎಸ್‌ಪಿಡಿಎಕ್ಸ್ ಲೈಸೆನ್ಸ್ ಗುರುತು ಹಾಕಿ, ಅವರ ಕಾಪಿರೈಟ್ ಸಾಲು ಹಾಗೇ ಉಳಿಸಿ, ಕೆಳಗೆ ನಿಮ್ಮದು ಸೇರಿಸಿ. ಆಮೇಲೆ ಇಬ್ಬರೂ ಸೈನ್ಡ್-ಆಫ್-ಬೈ ಹಾಕಿ ಮತ್ತೆ ಇಲ್ಲಿ ಹಾಕಿ, ಇವತ್ತು ರಾತ್ರಿಯೇ ನೋಡುತ್ತೇನೆ.